ಟೊಮೆಟೊ ಮಂಡಿಯ ಸರ್ವರ್ ವೈಟ್‌ಫೀಲ್ಡ್ ಸೇರಿದ್ದು: ನನ್ನ ಅನುಭವ

ಕೋಲಾರದ ಎಪಿಎಂಸಿಯ ಕೆಲವು ಟೊಮೆಟೊ ಮಂಡಿಗಳಿಗೆ ನಾನು ಬಿಲ್ಲಿಂಗ್ ತಂತ್ರಾಂಶ ನಡೆಸುತ್ತೇನೆ. ಕ್ಲೌಡ್ (ಇಂಟರ್ನೆಟ್ ಮೂಲಕ ಬಾಡಿಗೆಗೆ ಸಿಗುವ ಸರ್ವರ್) ಬಿಟ್ಟು ಸ್ವಂತ ಸರ್ವರ್ ಕೊಂಡು ವೈಟ್‌ಫೀಲ್ಡ್‌ನ ಡೇಟಾ ಸೆಂಟರೊಂದರ ರ‍್ಯಾಕ್‌ನಲ್ಲಿ ಬಾಡಿಗೆಗೆ ಇಡುತ್ತೇನೆಂದಾಗ ನಮ್ಮ ಲೆಕ್ಕಪರಿಶೋಧಕರೂ ಬೆಂಗಳೂರಿನ ಸಹಪಾಠಿಗಳೂ ಒಟ್ಟಿಗೇ ನಕ್ಕಿದ್ದರು. ಮೂರನೆಯ ಸೀಸನ್ ಕೂಡ ಸುಗಮವಾಗಿ ದಾಟಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

‘ಸೀಸನ್ ಇರುವ ವ್ಯಾಪಾರಕ್ಕೆ ಕ್ಲೌಡೇ ಸರಿ, ಬೇಡವಾದಾಗ ಇಳಿಸಬಹುದು’ ಎಂಬುದು ಅವರ ವಾದ. ಕೇಳಲು ಸರಿಯೇ. ಆದರೆ ಟೊಮೆಟೊ ಕಡಿಮೆಯಾದರೂ ಸಾಲ, ಮುಂಗಡ, ಬಾಕಿಯ ಖಾತೆಗಳು ವರ್ಷವಿಡೀ ತೆರೆದೇ ಇರುತ್ತವೆ. ಆದ್ದರಿಂದ ಡೇಟಾಬೇಸನ್ನು ನಿಲ್ಲಿಸುವಂತಿಲ್ಲ, ಚಿಕ್ಕದು ಮಾಡುವಂತೆಯೂ ಇಲ್ಲ. ಬೇಸಿಗೆಯ ಕೊನೆಯಲ್ಲಿ 60 ಸಾವಿರ ಮುಟ್ಟುತ್ತಿದ್ದ ಕ್ಲೌಡ್ ಬಿಲ್ ಖಾಲಿ ತಿಂಗಳುಗಳಲ್ಲೂ 40ಕ್ಕಿಂತ ಕೆಳಗೆ ಇಳಿಯಲಿಲ್ಲ. ಸರಾಸರಿ 48 ಸಾವಿರದ ಆಸುಪಾಸಿನಲ್ಲಿತ್ತು. ಅದಕ್ಕೂ ಮೊದಲು ಅಂಗಡಿಯ ಹಿಂದಿನ ಕೋಣೆಯಲ್ಲೇ ಸರ್ವರ್ ಇಟ್ಟು, ಉಬ್ಬಿದ ಬ್ಯಾಟರಿ ಮತ್ತು ಕೇಬಲ್ ಕಡಿದ ಇಲಿಗಳ ಕಾಟವನ್ನು ಎರಡು ವರ್ಷ ಅನುಭವಿಸಿದ್ದೆ. ಹಾಗಾಗಿ ಹಿಂದಕ್ಕೆ ಹೋಗುವ ಮಾತೇ ಇರಲಿಲ್ಲ.

ಬಳಸಿ ನವೀಕರಿಸಿದ 2ಯು (ಯು ಎಂದರೆ ರ‍್ಯಾಕ್‌ನಲ್ಲಿ ಎತ್ತರದ ಅಳತೆ) ಸರ್ವರ್ ಎರಡಕ್ಕೆ ಸುಮಾರು 2.4 ಲಕ್ಷ, ಎಸ್‌ಎಸ್‌ಡಿ ಡಿಸ್ಕ್‌ಗಳಿಗೆ 80 ಸಾವಿರ ಹಿಡಿಯಿತು. 4ಯು ಜಾಗ ಮತ್ತು 2 ಆಂಪಿಯರ್ ವಿದ್ಯುತ್ತಿಗೆ ತಿಂಗಳಿಗೆ 19 ಸಾವಿರದಂತೆ ಕುದುರಿಸಿದೆ. ಜಿಎಸ್‌ಟಿ ಎರಡೂ ಕಡೆ ಶೇ 18 ಆದ್ದರಿಂದ ಅದನ್ನು ಲೆಕ್ಕದಿಂದ ಬಿಟ್ಟಿದ್ದೇನೆ. ಕಂಪ್ಯೂಟರುಗಳಿಗೆ ಆದಾಯ ತೆರಿಗೆಯಲ್ಲಿ ಶೇ 40ರ ಸವಕಳಿ ಸಿಗುತ್ತದೆ ಎಂದು ತೋರಿಸಿದ ಮೇಲೆ ಲೆಕ್ಕಪರಿಶೋಧಕರು ನಗುವುದನ್ನು ನಿಲ್ಲಿಸಿದರು. ಹಾಕಿದ ಹಣ ವರ್ಷದಲ್ಲಿ ಹಿಂತಿರುಗುತ್ತದೆ ಎಂದುಕೊಂಡಿದ್ದೆ, ಹದಿನೈದು ತಿಂಗಳು ಹಿಡಿಯಿತು. ಹೆಚ್ಚುವರಿ ತಿಂಗಳುಗಳಿಗೆ ಕಾರಣ ನನ್ನ ತಪ್ಪುಗಳೇ.

ಮೊದಲನೆಯ ತಪ್ಪು ಪವರ್ ಸಪ್ಲೈಗೆ ಸಂಬಂಧಿಸಿದ್ದು. ಎಂಟು ಸಾವಿರ ಉಳಿಸಲು ಎರಡೂ ಸರ್ವರ್‌ಗಳಿಗೆ ಒಂದೊಂದೇ ಪವರ್ ಸಪ್ಲೈ ಹಾಕಿಸಿ, ಎರಡನ್ನೂ ಡೇಟಾ ಸೆಂಟರ್‌ನ ಎರಡು ವಿದ್ಯುತ್ ಮಾರ್ಗಗಳಲ್ಲಿ ಒಂದಾದ ‘ಎ’ ಫೀಡ್‌ಗೇ ಚುಚ್ಚಿದ್ದೆ. ಆ ಫೀಡನ್ನು ದುರಸ್ತಿಗಾಗಿ ನಿಲ್ಲಿಸುವ ಸೂಚನೆ ಹತ್ತು ದಿನ ಮೊದಲೇ ಬಂದಿತ್ತು, ಆದರೆ ಅದು ತಲುಪಿದ್ದು ಕೆಲಸ ಬಿಟ್ಟುಹೋಗಿದ್ದ ನಮ್ಮ ಗುಮಾಸ್ತನ ಇಮೇಲ್‌ಗೆ. ಹರಾಜು ನಡೆಯುವ ಹೊತ್ತಿನಲ್ಲೇ ಮೂರು ಗಂಟೆ ಎಲ್ಲವೂ ಕತ್ತಲಾಯಿತು. 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ 2 ಸಾವಿರ ದಾಟಿದ್ದಾಗಿನಿಂದ ರೈತರು ಪಟ್ಟಿಯನ್ನು (ಮಾರಾಟದ ಬಿಲ್ಲನ್ನು) ಗಲ್ಲಾದ ಮುಂದೆ ನಿಂತೇ ಓದುವ ರೂಢಿ ಬೆಳೆದಿದೆ. ಆ ದಿನ ಕೈಬರಹದ ಪಟ್ಟಿ ಕೊಟ್ಟ ಮಂಡಿಯವರು ನನಗೆ ಅಂದ ಮಾತುಗಳನ್ನು ಇಲ್ಲಿ ಬರೆಯಲಾರೆ.

ಎರಡನೆಯದು ಇನ್ನೂ ನಾಚಿಕೆಗೇಡಿನದು. ರಾತ್ರಿ ಹನ್ನೊಂದರ ಸುಮಾರಿಗೆ ಫೈರ್‌ವಾಲ್ (ಸರ್ವರ್‌ನ ಕಾವಲು ತಂತ್ರಾಂಶ) ನಿಯಮವೊಂದನ್ನು ತಿದ್ದುವಾಗ ನನ್ನನ್ನೇ ಹೊರಗಿಟ್ಟು ಬಾಗಿಲು ಹಾಕಿಕೊಂಡೆ. ಐಡ್ರ್ಯಾಕ್‌ಗೆ (ಸರ್ವರನ್ನು ದೂರದಿಂದಲೇ ಸರಿಪಡಿಸುವ ಸೌಲಭ್ಯ) ಪ್ರತ್ಯೇಕ ಐಪಿ ವಿಳಾಸ ತೆಗೆದುಕೊಳ್ಳದೆ ತಿಂಗಳಿಗೆ ಐದಾರು ನೂರು ಉಳಿಸಿದ್ದ ಜಾಣ ನಾನು. ನರಸಾಪುರ, ಹೊಸಕೋಟೆ ದಾಟಿ ಗೇಟಿನ ಮುಂದೆ ನಿಂತರೆ ಕಾವಲಿನವನು ಪ್ರವೇಶದ ಟಿಕೆಟ್ (ಮುಂಗಡ ಕೋರಿಕೆ) ಕೇಳಿದ. ಅದನ್ನು 24 ಗಂಟೆ ಮೊದಲೇ ಹಾಕಬೇಕೆಂಬ ಸಾಲು ಒಪ್ಪಂದದ ಒಂಬತ್ತನೆಯ ಪುಟದಲ್ಲಿತ್ತು. ತುರ್ತು ಪ್ರವೇಶಕ್ಕೆ ಮೂರು ಸಾವಿರ ತೆತ್ತು, ಬೆಳಗಿನ ಜಾವ ಮೂರಕ್ಕೆ ಒಳಹೊಕ್ಕು, ಕೀಬೋರ್ಡ್ ಸಿಕ್ಕಿಸಿ, ಒಂದೇ ಒಂದು ಸಾಲು ಅಳಿಸಿ ಬಂದೆ. ಹರಾಜಿಗೆ ಮೊದಲು ಎಲ್ಲವೂ ನಡೆಯುತ್ತಿತ್ತೆಂಬುದೇ ಸಮಾಧಾನ. ಕೋಲೊಕೇಶನ್ (ಹೀಗೆ ಸ್ವಂತ ಸರ್ವರನ್ನು ಬಾಡಿಗೆ ಜಾಗದಲ್ಲಿ ಇಡುವುದು) ನನಗೆ ಒಗ್ಗಿರುವುದಕ್ಕೆ ಇದೇ ದೊಡ್ಡ ಕಾರಣವೆಂದು ಈಗ ಅನಿಸುತ್ತದೆ: ವೈಟ್‌ಫೀಲ್ಡ್ ಬೆಂಗಳೂರಿನ ನಮ್ಮ ಕಡೆಯ ಅಂಚಿನಲ್ಲಿದೆ, ಊರಿನ ಟ್ರಾಫಿಕ್ಕಿಗೆ ಸಿಗದೆ ತಲುಪಬಹುದು. ತುಮಕೂರಿನವನಾಗಿದ್ದರೆ ಈ ಜಾಗವನ್ನು ಆರಿಸುತ್ತಿರಲಿಲ್ಲ.

ವಿದ್ಯುತ್ತಿನ ಲೆಕ್ಕದಲ್ಲೊಂದು ಪ್ರಯೋಗವನ್ನೂ ಮಾಡಿದೆ. 1 ಆಂಪಿಯರ್ ಎಂದರೆ 230 ವೋಲ್ಟಿಗೆ 230 ವಿಎ (ವೋಲ್ಟ್-ಆಂಪಿಯರ್, ಸ್ಥೂಲವಾಗಿ ವ್ಯಾಟ್), ಅಂದರೆ ನನ್ನ 2 ಆಂಪಿಯರ್‌ನ ಮಿತಿ 460. ನನ್ನ ಒಂದೊಂದು ಸರ್ವರ್ 210 ವ್ಯಾಟ್ ಎಳೆಯುತ್ತಿತ್ತು, ಬೆಳಗಿನ ಹೊರೆಯಲ್ಲಿ ಮಿತಿ ಮೀರಿ ಒಂದೂವರೆ ಪಟ್ಟು ದರ ಬೀಳುತ್ತಿತ್ತು. ಎರಡನೆಯ ಸರ್ವರ್‌ನ ಎರಡು ಪ್ರೊಸೆಸರ್‌ಗಳಲ್ಲಿ ಒಂದನ್ನು ಕಿತ್ತೆ. ವಿದ್ಯುತ್ 150ಕ್ಕೆ ಇಳಿಯಿತು, ಜೊತೆಗೆ ನೆಟ್‌ವರ್ಕ್ ಕಾರ್ಡೂ ಅರ್ಧ ರ‍್ಯಾಮೂ ಮಾಯವಾದವು. ಆ ಸ್ಲಾಟುಗಳು ಕಿತ್ತ ಪ್ರೊಸೆಸರ್‌ಗೇ ಸೇರಿದ್ದವೆಂಬುದು ಹತ್ತು ನಿಮಿಷ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಎಲ್ಲವನ್ನೂ ಮತ್ತೊಂದು ಬದಿಗೆ ಬದಲಿಸಿದ ಮೇಲೆ ಹೆಚ್ಚುವರಿ ದರ ನಿಂತಿದೆ. ಮೊದಲನೆಯ ಸರ್ವರ್‌ನಲ್ಲಿ ಇದೇ ಉಳಿತಾಯವನ್ನು ಪ್ರೊಸೆಸರ್ ಕೀಳದೆ ಮಾಡಿದ್ದೇನೆ. ಹೇಗೆಂಬುದು ನನ್ನ ಬಳಿಯೇ ಇರಲಿ.

ಕ್ಲೌಡನ್ನು ಪೂರ್ತಿ ಬಿಟ್ಟಿಲ್ಲ. ಗ್ರಾಹಕರಲ್ಲಿ ಇಬ್ಬರು ಕಂಪನಿಯಾಗಿ ನೋಂದಾಯಿತರು. ಕಂಪನಿ ಲೆಕ್ಕಪತ್ರ ನಿಯಮಗಳ 2022ರ ತಿದ್ದುಪಡಿಯ ನಂತರ ಅಂಥವರ ವಿದ್ಯುನ್ಮಾನ ಲೆಕ್ಕಪುಸ್ತಕಗಳ ಬ್ಯಾಕಪ್ ಪ್ರತಿದಿನವೂ ಭಾರತದೊಳಗಿನ ಸರ್ವರ್‌ಗೆ ಹೋಗಬೇಕು. ಅದಕ್ಕಾಗಿ ಎಲ್ಲರ ದತ್ತಾಂಶವನ್ನೂ ಗೂಢಲಿಪಿಗೊಳಿಸಿ ರಾತ್ರಿ ಮುಂಬೈಗೆ ಕಳುಹಿಸುತ್ತೇನೆ, ತಿಂಗಳಿಗೆ ಮೂರು ಸಾವಿರದೊಳಗೆ ಮುಗಿಯುತ್ತದೆ. ಈಗ ಪ್ರತಿ ಮಂಡಿಯಲ್ಲೂ ಒಂದು ಮಿನಿ ಪಿಸಿ ಇರುವುದರಿಂದ ಫೈಬರ್ ಕಡಿದರೂ ಪಟ್ಟಿ ಮುದ್ರಣ ನಿಲ್ಲುವುದಿಲ್ಲ. ಆಮೇಲೆ ಆ ಪಟ್ಟಿಗಳ ಸಂಖ್ಯೆಗಳು ಸರ್ವರ್‌ನಲ್ಲಿ ಹೇಗೆ ಘರ್ಷಣೆಯಿಲ್ಲದೆ ಸೇರುತ್ತವೆ ಎಂದು ಇಬ್ಬರು ಪ್ರತಿಸ್ಪರ್ಧಿಗಳು ಈಗಾಗಲೇ ಕೇಳಿದ್ದಾರೆ, ಕೇಳುತ್ತಲೇ ಇರಲಿ.

ಬಾಧಕಗಳೂ ಕಡಿಮೆಯಿಲ್ಲ. ಡಿಸ್ಕ್ ಕೆಟ್ಟರೆ ಅದು ನನ್ನದೇ ಡಿಸ್ಕ್. ಎರಡು ಬಿಡಿ ಎಸ್‌ಎಸ್‌ಡಿಗಳು ಸದಾ ಅಂಗಡಿಯ ಗಲ್ಲಾಪೆಟ್ಟಿಗೆಯ ಕೆಳಗಿನ ಖಾನೆಯಲ್ಲಿರುತ್ತವೆ. ಡೇಟಾ ಸೆಂಟರ್ ಸಿಬ್ಬಂದಿಯ ಕೈಯಲ್ಲಿ ಒಂದು ಕೇಬಲ್ ಬದಲಿಸಲು ಅರ್ಧ ಗಂಟೆಗೆ ಒಂದೂವರೆ ಸಾವಿರ. ತಿಂಗಳಿಗೆ ಹದಿನೈದು ಸಾವಿರದೊಳಗೆ ಕ್ಲೌಡ್ ಬಿಲ್ ಬರುವವರು ಇತ್ತ ತಲೆ ಹಾಕುವುದೇ ಬೇಡ. ನನ್ನ ಒಪ್ಪಂದ ಮಾರ್ಚ್‌ನಲ್ಲಿ ನವೀಕರಣಕ್ಕೆ ಬರುತ್ತದೆ. ವರ್ಷಕ್ಕೆ ಶೇ 8ರ ಏರಿಕೆಯ ಷರತ್ತನ್ನು ಶೇ 5ಕ್ಕೆ ಇಳಿಸಲು ಮಾತುಕತೆ ನಡೆದಿದೆ.