ಒತ್ತಕ್ಷರಕ್ಕೆ ಒಗ್ಗುವ ನಿಬ್ಬು

"ತಮಾ, ಅಕ್ಷರ ಕಾಣ್ತಿಲ್ಲೆ ಮಾರಾಯಾ, ದಪ್ಪ ಬರಿ."

ಒಂದು ತಾಳಮದ್ದಳೆಯ (ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ) ರಾತ್ರಿ ನಮ್ಮ ಭಾಗವತರು ಹೀಗೆ ಹೇಳಿ ಪದ್ಯದ ಹಾಳೆಗಳನ್ನು ನನ್ನ ಕೈಗೆ ವಾಪಸ್ ಕೊಟ್ಟರು. ನಾನೇ ಬಾಲ್ ಪೆನ್ನಿನಲ್ಲಿ ಪ್ರತಿ ಮಾಡಿದ ಹಾಳೆಗಳು. ಹಗಲು ನೋಡಿದಾಗ ಚೆನ್ನಾಗಿಯೇ ಕಂಡಿದ್ದವು. ಆದರೆ ಅವರಿಗೆ ಎಪ್ಪತ್ತು ದಾಟಿದೆ. ಜಗಲಿಯಲ್ಲಿ ಇದ್ದದ್ದು ಒಂದೇ ಬಲ್ಬು. ತಾಳ ಹಿಡಿದು ಹಾಡುವವರು ಹಾಳೆಯನ್ನು ಕಣ್ಣಿನ ಹತ್ತಿರ ತಂದುಕೊಳ್ಳಲು ಆಗುವುದಿಲ್ಲ, ನೆಲದ ಮೇಲೆ ಇಟ್ಟಲ್ಲಿಂದಲೇ ಓದಬೇಕು.

ನಾನು ಶಿರಸಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ದಿನಕ್ಕೆ ನಾಲ್ಕೈದು ಪುಟ ಬರೆಯುವ ಕೆಲಸ ಇದ್ದೇ ಇರುತ್ತದೆ. ಪಾಠದ ಟಿಪ್ಪಣಿ, ಮಕ್ಕಳ ನಿಬಂಧಗಳ ಮೇಲೆ ಷರಾ, ರಜೆ ಸಿಕ್ಕಾಗ ಹಳೆ ಪ್ರಸಂಗದ ಪದ್ಯಗಳ ಪ್ರತಿ. ಇಷ್ಟಕ್ಕೂ ಒಗ್ಗುವ, ಜೇಬಿಗೆ ಭಾರವಾಗದ ಪೆನ್ನು ಹುಡುಕಲು ಹೊರಟಿದ್ದು ಆ ರಾತ್ರಿಯಿಂದ.

ಮೊದಲು ಮಾರ್ಕರ್ ಹಿಡಿದೆ. ಅಕ್ಷರ ದಪ್ಪ ಬಂತು, ಆದರೆ ಓದಲು ಇನ್ನೂ ಕಷ್ಟವಾಯಿತು. ಎಲ್ಲ ಕಡೆಗೂ ಒಂದೇ ದಪ್ಪವಾದರೆ ಕನ್ನಡದ ಹೊಟ್ಟೆ ಮುಚ್ಚಿಹೋಗುತ್ತದೆ. 'ಣ'ದ ಒಳಗಿನ ಬಿಳಿ ಹೋಯಿತು, 'ಕ್ಷ' ಒಂದು ಮುದ್ದೆಯಾಯಿತು. ಆಗ ಗೊತ್ತಾಗಿದ್ದು ಇಷ್ಟು: ನನಗೆ ಬೇಕಾದದ್ದು ಸುಮ್ನೆ ದಪ್ಪ ಅಲ್ಲ. ಒಂದು ದಿಕ್ಕಿಗೆ ದಪ್ಪ, ಇನ್ನೊಂದು ದಿಕ್ಕಿಗೆ ತೆಳು. ಹಾಗೆ ಬರೆದರೆ ಅಕ್ಷರ ದೂರಕ್ಕೂ ಎದ್ದು ಕಾಣುತ್ತದೆ, ಒಳಗಿನ ಬಿಳಿಯೂ ಉಳಿಯುತ್ತದೆ.

ಆ ಗುಣ ಇರುವುದು ಸ್ಟಬ್ ಮತ್ತು ಇಟಾಲಿಕ್ ನಿಬ್ಬಿನಲ್ಲಿ. ಸಾಮಾನ್ಯ ಇಂಕ್ ಪೆನ್ನಿನ ನಿಬ್ಬಿನ ತುದಿಯಲ್ಲಿ ಒಂದು ಸಣ್ಣ ಗುಂಡು ಇರುತ್ತದೆ. ಅದು ಯಾವ ಕಡೆ ಎಳೆದರೂ ಹೆಚ್ಚುಕಮ್ಮಿ ಒಂದೇ ಗಾತ್ರದ ಗೆರೆ ಬಿಡುತ್ತದೆ. ಸ್ಟಬ್ಬಿನ ತುದಿ ಉಳಿಯ ಬಾಯಿಯ ಹಾಗೆ ಚಪ್ಪಟೆ. ಕೆಳಕ್ಕೆ ಎಳೆದರೆ ಅಗಲದ ಗೆರೆ, ಅಡ್ಡಕ್ಕೆ ಎಳೆದರೆ ಸಣ್ಣ ಗೆರೆ. ಇಟಾಲಿಕ್ ಕೂಡ ಇದೇ ಜಾತಿ. ಆದರೆ ಅದರ ಮೂಲೆಗಳು ಚೂಪು, ದಪ್ಪ-ತೆಳುವಿನ ಅಂತರ ಜಾಸ್ತಿ. ಸ್ಟಬ್ಬಿನ ಮೂಲೆಗಳನ್ನು ಉಜ್ಜಿ ದುಂಡು ಮಾಡಿರುತ್ತಾರೆ.

ನೋಡಲು ಇಟಾಲಿಕ್ ಬರಹ ತುಂಬಾ ಚೆಂದ. ಆದರೂ ದಿನಬಳಕೆಯ ಕನ್ನಡಕ್ಕೆ ಅದನ್ನು ತಗೊಳ್ಳಬೇಡಿ ಅಂತಲೇ ನಾನು ಹೇಳುತ್ತೇನೆ. ನಮ್ಮ ಅಕ್ಷರ ಸುತ್ತುತ್ತದೆ. 'ಅ' ಬರೆಯುವಾಗ, 'ಳ' ಬರೆಯುವಾಗ ಕೈಯನ್ನು ಒಮ್ಮೆ ಗಮನಿಸಿ. ಪೆನ್ನನ್ನು ಎಳೆಯುವಷ್ಟೇ ಸಲ ಮೇಲಕ್ಕೆ, ಎಡಕ್ಕೆ ತಳ್ಳುತ್ತೇವೆ. ತಳ್ಳುವಾಗ ಚೂಪು ಮೂಲೆ ಕಾಗದಕ್ಕೆ ಕಚ್ಚಿಕೊಳ್ಳುತ್ತದೆ. ನಿಬ್ಬಿನ ಸೀಳಿನಲ್ಲಿ ಕಾಗದದ ನಾರು ಸಿಕ್ಕಿ ಮುಂದಿನ ಸಾಲೆಲ್ಲ ಉಗುರು ಗೀರಿದ ಹಾಗೆ ಆಗುತ್ತದೆ. ಬಾಲ್ ಪೆನ್ನಿನಲ್ಲಿ ಒತ್ತಿ ಬರೆದು ರೂಢಿಯಾದ ಕೈಗಂತೂ ಇದು ಇನ್ನೂ ಜಾಸ್ತಿ. ನನ್ನ ಮನೆಯವಳು ಎಡಗೈಯಲ್ಲಿ ಬರೆಯುತ್ತಾಳೆ. ಅವಳು ಇಟಾಲಿಕ್ ಹಿಡಿದು ಎರಡು ಸಾಲು ಬರೆದು ಕೆಳಗಿಟ್ಟಳು. ಸ್ಟಬ್ ಕೊಟ್ಟರೆ ಒಂದು ಪುಟ ಬರೆದಳು.

ನಾನು ಮೊದಲು ಕೊಂಡದ್ದು ಕಪ್ಪು ಎಬೊನೈಟಿನ (ಗಟ್ಟಿ ರಬ್ಬರಿನ) ದೊಡ್ಡ ಪೆನ್ನು. ಹೊಟ್ಟೆಗೇ ಫಿಲ್ಲರಿನಿಂದ ಶಾಯಿ ತುಂಬುವ ಹಳೆ ಪದ್ಧತಿಯದು, ಸ್ಟಬ್ ನಿಬ್ಬು ಹಾಕಿಸಿದ್ದೆ. ಕೈಯಲ್ಲಿ ಹಿಡಿದರೆ ಆನಂದ. ಒಂದು ತುಂಬಿಗೆ ವಾರಗಟ್ಟಲೆ ಬರುತ್ತಿತ್ತು. ಒಂದು ಮಧ್ಯಾಹ್ನ ಹದಿನೆಂಟು ಪುಟ ಪ್ರತಿ ಮಾಡಿ ಮುಗಿಸುವ ಹೊತ್ತಿಗೆ ನಿಬ್ಬಿನಿಂದ ದೊಡ್ಡ ಹನಿಯೊಂದು ಟಪ್ಪೆಂದು ಬಿತ್ತು. ಭಾಮಿನಿ ಷಟ್ಪದಿಯ ಒಂದು ಪದ್ಯ ಪೂರ್ತಿ ಮುಳುಗಿತು. ಕಾರಣ ಆಮೇಲೆ ಅರ್ಥವಾಯಿತು. ಈ ಪೆನ್ನುಗಳಲ್ಲಿ ಶಾಯಿ ಕಡಿಮೆಯಾದಂತೆ ಒಳಗೆ ಗಾಳಿ ಜಾಸ್ತಿಯಾಗುತ್ತದೆ. ಅಂಗೈಯ ಬಿಸಿಗೆ ಆ ಗಾಳಿ ಹಿಗ್ಗಿ ಶಾಯಿಯನ್ನು ಹೊರಗೆ ನೂಕುತ್ತದೆ. ಮೂರನೇ ಒಂದು ಭಾಗಕ್ಕೆ ಇಳಿದಾಗಲೇ ಮತ್ತೆ ತುಂಬಿಬಿಟ್ಟರೆ ಈ ತೊಂದರೆ ಬಹುಮಟ್ಟಿಗೆ ಇಲ್ಲ. ಈಗಲೂ ಆ ಪೆನ್ನು ನನ್ನ ಹತ್ತಿರ ಇದೆ, ಪತ್ರ ಬರೆಯಲು. ಪ್ರತಿ ಮಾಡುವ ಕೆಲಸಕ್ಕೆ ಮಾತ್ರ ಕನ್ವರ್ಟರ್, ಅಂದರೆ ಶಾಯಿ ಎಳೆದುಕೊಳ್ಳುವ ಸಣ್ಣ ಬಿಡಿ ಕೊಳವೆ, ಇರುವ ಪೆನ್ನೇ ಸರಿ.

ಆಮೇಲೆ ಹುಬ್ಬಳ್ಳಿಗೆ ಹೋದಾಗ ಲ್ಯಾಮಿ ಸಫಾರಿ ತಂದೆ, 1.1 ಮಿಲಿಮೀಟರ್ ನಿಬ್ಬಿನದು. 1980ರಿಂದ ಬರುತ್ತಿರುವ ಜರ್ಮನಿಯ ಪೆನ್ನು. ಹಿಡಿಯುವ ಜಾಗ ಮೂರು ಮೂಲೆಯಾಗಿ ತಗ್ಗಿರುವುದರಿಂದ ಬೆರಳು ತಾನಾಗಿಯೇ ಒಂದೇ ಕಡೆ ಕೂರುತ್ತದೆ. ಸ್ಟಬ್ಬಿಗೆ ಇದು ದೊಡ್ಡ ಉಪಕಾರ. ಚಪ್ಪಟೆ ನಿಬ್ಬು ಕೈಯಲ್ಲಿ ಸ್ವಲ್ಪ ಹೊರಳಿದರೂ ಗೆರೆ ತಪ್ಪುತ್ತದೆ. ಇನ್ನೊಂದು ಅನುಕೂಲ, ನಿಬ್ಬಿನ ಮೇಲೆ ಸೆಲ್ಲೋ ಟೇಪು ಅಂಟಿಸಿ ಮುಂದಕ್ಕೆ ಎಳೆದರೆ ನಿಬ್ಬು ಕಳಚಿ ಬರುತ್ತದೆ. ಒಂದೇ ಪೆನ್ನಿಗೆ 1.1, 1.5, 1.9 ಎಲ್ಲವನ್ನೂ ಹಾಕಬಹುದು. ನಾನು ತಂದಾಗ ಬೆಲೆ ಎರಡು ಸಾವಿರದ ಆಸುಪಾಸು ಇತ್ತು. ನನ್ನಂಥವನಿಗೆ ಅದು ಯೋಚನೆ ಮಾಡಿ ಕೊಡುವ ದುಡ್ಡೇ.

ಇಂಗ್ಲಿಷ್ ಬರೆಯುವವರು 1.1 ಅನ್ನು ದಿನಬಳಕೆಯ ಅಳತೆ ಅನ್ನುತ್ತಾರೆ. ನಾನೂ ಅದನ್ನೇ ನಂಬಿ ತಂದಿದ್ದೆ. ಶಾಲೆಯ ನೋಟ್‌ಬುಕ್ಕಿನಲ್ಲಿ 'ರಾಷ್ಟ್ರ' ಅಂತ ಬರೆದೆ. 'ಷ'ದ ಕೆಳಗಿನ 'ಟ'ವತ್ತು, ಅದರ ಪಕ್ಕದ 'ರ'ವತ್ತು ಎರಡೂ ಸೇರಿ ಕೆಳಗಿನ ಸಾಲಿನ ತಲೆಕಟ್ಟಿಗೆ ಹೋಗಿ ಡಿಕ್ಕಿ ಹೊಡೆದವು. ಅವತ್ತು ಸ್ಕೇಲು ಹಿಡಿದು ಕೂತೆ.

ಇಟಾಲಿಕ್ ಬರವಣಿಗೆ ಕಲಿಸುವವರು ಒಂದು ಲೆಕ್ಕ ಹೇಳುತ್ತಾರೆ: ಅಕ್ಷರದ ಮೈ ನಿಬ್ಬಿನ ಅಗಲದ ಸುಮಾರು 5 ಪಟ್ಟು ಎತ್ತರ ಇರಬೇಕು. 1.1ಕ್ಕೆ ಮೈಯೇ 5.5 ಮಿಲಿಮೀಟರ್ ಆಯಿತು. ಇಂಗ್ಲಿಷಿನಲ್ಲಿ ಕೆಳಗೆ ಬಾಲ ಬಿಡುವ ಅಕ್ಷರ ಕೆಲವೇ. ನಮಗೆ ಪ್ರತಿ ಸಾಲಿನಲ್ಲೂ ಒತ್ತಕ್ಷರ ಇದೆ. ಮೇಲೆ ಗುಡಿಸು, ಏತ್ವ ಬೇರೆ. ಒತ್ತಿಗೆ ಕಡಿಮೆ ಅಂದರೂ 3 ಮಿಲಿಮೀಟರ್ ಬಿಟ್ಟರೆ ಒಟ್ಟು 8.5, ಗುಡಿಸಿಗೆ ಇನ್ನೂ ಬೇಕು. ನನ್ನ ನೋಟ್‌ಬುಕ್ಕಿನ ಗೆರೆಗಳ ನಡುವೆ ಇದ್ದದ್ದು 8. ಎಲ್ಲಿಂದ ಹಿಡಿಸಬೇಕು?

ಹಾಗಾಗಿ ನನ್ನ ಲೆಕ್ಕ ಹೀಗೆ ನಿಂತಿತು. ಪದ್ಯದ ಪ್ರತಿಗೆ 1.1, ಒಂದು ಸಾಲು ಬಿಟ್ಟು ಒಂದು ಸಾಲು ಬರೆಯುವುದು. ಗೆರೆ ಹಾಕಿದ ನೋಟ್‌ಬುಕ್ಕಿಗೆ, ಷರಾಕ್ಕೆ 0.7ರಿಂದ 0.8. ಅದಕ್ಕಿಂತ ದಪ್ಪ ಬೇಡ. 1.5, 1.9 ಮದುವೆ ಲಕೋಟೆಯ ಮೇಲೆ ಹೆಸರು ಬರೆಯಲು ಚೆಂದ, ದಿನಾ ಬರೆಯಲು ಅಲ್ಲ.

ಆ ಸಣ್ಣ ಸ್ಟಬ್ ಸಿಗುವುದೇ ಕಷ್ಟ. ಪೈಲಟ್ ಕಂಪನಿಯ ಮೆಟ್ರೋಪಾಲಿಟನ್ ಪೆನ್ನಿಗೆ ಸಿಎಂ (ಕ್ಯಾಲಿಗ್ರಫಿ ಮೀಡಿಯಂ) ಅಂತ ಒಂದು ನಿಬ್ಬು ಬರುತ್ತದೆ. ಅದು ಲ್ಯಾಮಿಯ 1.1ಕ್ಕಿಂತ ಕಣ್ಣಿಗೆ ಕಾಣುವಷ್ಟು ಸಣ್ಣ, ನುಣುಪು ಕೂಡ. ಅದೇ ಕಂಪನಿಯ ಪ್ಲುಮಿಕ್ಸ್ ಪೆನ್ನಿನ ನಿಬ್ಬನ್ನು ಕೈಯಲ್ಲೇ ಎಳೆದು ಮೆಟ್ರೋಪಾಲಿಟನ್ನಿಗೆ ಕೂರಿಸುವವರೂ ಇದ್ದಾರೆ, ಎರಡಕ್ಕೂ ಹೊಂದುತ್ತದೆ. ಮೊದಲ ಸ್ಟಬ್ ಕೊಳ್ಳುವವರು ಕೇಳಿದರೆ ನಾನು ಸಿಎಂ ನಿಬ್ಬನ್ನೇ ಹೇಳುವುದು. ಕಡಿಮೆ ಖರ್ಚಿನಲ್ಲಿ 1.1 ಸಾಕು ಅನ್ನುವವರಿಗೆ ಕಾನ್ಪುರದ ಕಾನ್‌ರೈಟ್ ನಿಬ್ಬು ಇದೆ. ಅದನ್ನು ಬಿಡಿಯಾಗಿ ತರಿಸಿ ಅದೇ ಅಳತೆಯ ನಿಬ್ಬು ಹಿಡಿಸುವ ಪೆನ್ನಿಗೆ ಹಾಕಿಕೊಂಡರಾಯಿತು. ಟ್ವಿಸ್ಬಿ ಇಕೋ ಒಳ್ಳೆಯ ಪೆನ್ನು, ಶಾಯಿ ತುಂಬಾ ಹಿಡಿಯುತ್ತದೆ. ಆದರೆ ಅದರ ಸ್ಟಬ್ಬೂ 1.1, ಬೆಲೆಯೂ ಮೇಲೆ.

ನಾನು ಈಗ ದಿನಾ ಜೇಬಿಗೆ ಹಾಕಿಕೊಳ್ಳುವ ಪೆನ್ನು ಇವು ಯಾವುದೂ ಅಲ್ಲ. ಒಂದು ಸಾಧಾರಣ ಪೆನ್ನಿನ ದಪ್ಪ ನಿಬ್ಬನ್ನು ನಾನೇ ಉಜ್ಜಿ ಸ್ಟಬ್ ಮಾಡಿಕೊಂಡೆ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಮೊದಲ ನಿಬ್ಬನ್ನು ಪೂರ್ತಿ ಹಾಳು ಮಾಡಿದ್ದೇನೆ.

ಬೇಕಾದದ್ದು ತುದಿಯಲ್ಲಿ ಗುಂಡು ಚೆನ್ನಾಗಿರುವ ಬ್ರಾಡ್ ನಿಬ್ಬು. ಸಣ್ಣ ನಿಬ್ಬಿನಲ್ಲಿ ಉಜ್ಜಲು ಲೋಹವೇ ಇರುವುದಿಲ್ಲ. ಗಾಡಿಗೆ ಬಣ್ಣ ಹೊಡೆಯುವವರು ಬಳಸುವ 2000 ನಂಬರಿನ ವಾಟರ್ ಪೇಪರ್ ತಂದು, ಗಾಜಿನ ತುಂಡಿನ ಮೇಲೆ ಹಾಸಿ, ನೀರು ಚಿಮುಕಿಸಿದೆ. ಮೊದಲ ಸಲ ಅವಸರದಲ್ಲಿ ಪೆನ್ಸಿಲ್ ಚೂಪು ಮಾಡುವ ಹಾಗೆ ಒತ್ತಿ ಉಜ್ಜಿದೆ. ಎರಡೇ ನಿಮಿಷದಲ್ಲಿ ಗುಂಡು ಮಾಯವಾಗಿ ಬರೀ ತಗಡು ಉಳಿಯಿತು, ಸೀಳಿನ ಎರಡು ಕವಲು ಒಂದಕ್ಕೊಂದು ಮೇಲುಕೀಳಾದವು.

ಎರಡನೇ ನಿಬ್ಬಿಗೆ ಮೂರು ಸಂಜೆ ಕೊಟ್ಟೆ. ಬರೆಯುವ ಓರೆಯಲ್ಲೇ ಪೆನ್ನು ಹಿಡಿದು, ಕೈಯ ಭಾರ ಹಾಕದೆ, ಐದಾರು ಸಲ ಎಳೆಯುವುದು. ತೊಳೆಯುವುದು. ಶಾಯಿಯಲ್ಲಿ ಅದ್ದಿ ಬರೆದು ನೋಡುವುದು. ಮತ್ತೆ ಐದಾರು. ಅಡಿ ಚಪ್ಪಟೆಯಾದ ಮೇಲೆ ಪೆನ್ನನ್ನು ಬೋರಲು ಹಿಡಿದು ಮೇಲಿನ ಬದಿಯನ್ನು ಸ್ವಲ್ಪ ತೆಳು ಮಾಡಿದೆ, ಅಡ್ಡಗೆರೆ ಸಣ್ಣ ಬರುವುದು ಇದರಿಂದ. ಕೊನೆಗೆ ಎರಡು ಮೂಲೆಗಳನ್ನು ಕಾಗದದ ಮೇಲೆ ಸಣ್ಣ ಸೊನ್ನೆ ಸುತ್ತಿದ ಹಾಗೆ ಸುತ್ತಿ ದುಂಡು ಮಾಡಿದೆ. ಅಕ್ಕಸಾಲಿಗರ ಭೂತಗನ್ನಡಿಯಲ್ಲಿ ನೋಡಿದರೆ ಎರಡು ಕವಲೂ ಒಂದೇ ಮಟ್ಟದಲ್ಲಿ ಇರಬೇಕು. ಸೀಳಿನಲ್ಲಿ ಕೂತ ಪುಡಿಯನ್ನು ಹಳೆ ಫೋಟೋ ನೆಗೆಟಿವ್ ಚೂರಿನಿಂದ ತೆಗೆದು, ನಿಬ್ಬಿನ ಅಡಿಯಲ್ಲಿ ಶಾಯಿ ಹರಿಸುವ ನಾಲಿಗೆಯನ್ನೂ ಕಳಚಿ ತೊಳೆದೆ. ಗೆರೆ ಅಳೆದು ನೋಡಿದೆ, ಮುಕ್ಕಾಲು ಮಿಲಿಮೀಟರ್ ಹತ್ತಿರ ಬಂದಿತ್ತು. 'ಲಕ್ಷ್ಮೀ' ಅಂತ ಬರೆದೆ. 'ಕ್ಷ'ದ ಹೊಟ್ಟೆ ಬೆಳ್ಳಗೆ ಉಳಿಯಿತು, 'ಮ'ವತ್ತು ಕೆಳಗಿನ ಗೆರೆ ಮುಟ್ಟಲಿಲ್ಲ. ಆ ಹಾಳೆ ಇನ್ನೂ ಇಟ್ಟುಕೊಂಡಿದ್ದೇನೆ.

ಪೆನ್ನು ಸರಿಹೋದರೂ ನಮ್ಮೂರಿನಲ್ಲಿ ಮಳೆಗಾಲ ಅಂತ ಒಂದು ಇದೆಯಲ್ಲ. ಸ್ಟಬ್ ಸಾಮಾನ್ಯ ನಿಬ್ಬಿಗಿಂತ ಜಾಸ್ತಿ ಶಾಯಿ ಬಿಡುತ್ತದೆ. ಆಷಾಢದಲ್ಲಿ ಕಾಗದ ಹಪ್ಪಳ ತೇವ ಹಿಡಿದ ಹಾಗೆ ಮೆತ್ತಗಾಗಿರುತ್ತದೆ. ಬೇಸಿಗೆಯಲ್ಲಿ ನೀಟಾಗಿ ಬಂದ ಅದೇ ನೋಟ್‌ಬುಕ್ಕಿನಲ್ಲಿ ಗೆರೆಗೆ ಬೇರು ಒಡೆಯುತ್ತದೆ, ಹಿಂದಿನ ಪುಟಕ್ಕೂ ಇಳಿಯುತ್ತದೆ. ಕುಮಟೆಯಲ್ಲಿರುವ ನನ್ನ ಭಾವನ ಮನೆಯಲ್ಲಿ ಕೂತು ಬರೆದಾಗ ಇನ್ನೂ ಕಷ್ಟ, ಶಾಯಿ ಒಣಗುವುದೇ ಇಲ್ಲ. ಮನೆಯಲ್ಲಿ ಬಟ್ಟೆಗೆ ಬೂಸ್ಟು ಹಿಡಿಯಬಾರದು ಅಂತ ಕಪಾಟಿನಲ್ಲಿ ಸಣ್ಣ ಬಲ್ಬು ಉರಿಸುತ್ತೇವೆ. ಬರೆಯುವ ಕಾಗದವನ್ನೂ ಅದರೊಳಗೇ ಇಡಲು ಶುರು ಮಾಡಿದೆ. ಬೇಕಾದಾಗ ನಾಲ್ಕೇ ಹಾಳೆ ಹೊರಗೆ ತೆಗೆಯುವುದು. ವ್ಯತ್ಯಾಸ ಮೊದಲ ಸಾಲಿನಲ್ಲೇ ಕಾಣುತ್ತದೆ.

ಶಾಯಿಯ ವಿಷಯದಲ್ಲಿ ಒಂದೇ ಮಾತು. ತೊಳೆದರೆ ಹೋಗುವ ರಾಯಲ್ ಬ್ಲೂ ನಿಬ್ಬಿಗೆ ಒಳ್ಳೆಯದು, ಶಾಲೆಯ ಕೆಲಸಕ್ಕೆ ಅದೇ ಸಾಕು. ಆದರೆ ಹಂಚಿನ ಸಂದಿನಿಂದ ಬಿದ್ದ ಒಂದು ಹನಿ ಸಾಕು, ಪದ್ಯ ಹೋಯಿತು. ಉಳಿಯಬೇಕಾದ ಪ್ರತಿಗೆ ನೀರಿಗೆ ಹೋಗದ ಕಪ್ಪು ಶಾಯಿಯೇ ಬೇಕು. ಅದನ್ನು ತುಂಬಿದ ಪೆನ್ನನ್ನು ಹದಿನೈದು ದಿನಕ್ಕೊಮ್ಮೆ ತೊಳೆಯಲೇಬೇಕು, ಇಲ್ಲದಿದ್ದರೆ ನಾಲಿಗೆಯ ಕಾಲುವೆ ಕಟ್ಟುತ್ತದೆ. ಬಿಸಿ ನೀರು ಬೇಡ, ತಣ್ಣೀರು ಸಾಕು.

ಅಂಗಡಿಗೆ ಹೋದರೆ ಪೆನ್ನನ್ನು ಶಾಯಿಯಲ್ಲಿ ಅದ್ದಿ ನೋಡಲು ಕೇಳಿ. ಬೇಡ ಅನ್ನುವ ಅಂಗಡಿಯವರು ಕಡಿಮೆ. ಸಹಿ ಹಾಕಿ ನೋಡಬೇಡಿ, ಸಹಿ ಯಾವ ಪೆನ್ನಿನಲ್ಲೂ ಚೆಂದವೇ ಬರುತ್ತದೆ. ನಿಮ್ಮದೇ ನೋಟ್‌ಬುಕ್ಕು ತಗೊಂಡು ಹೋಗಿ 'ರಾಷ್ಟ್ರ', 'ಲಕ್ಷ್ಮೀ', 'ಗುಣ' ಬರೆಯಿರಿ, ದಿನಾ ಬರೆಯುವ ವೇಗದಲ್ಲೇ. ಅಕ್ಷರದ ಒಳಗಿನ ಬಿಳಿ ಉಳಿಯಿತೋ ಇಲ್ಲವೋ ನೋಡಿ.

ಭಾಗವತರಿಗೆ ಈಗ 1.1ರಲ್ಲಿ ಬರೆದ ಹಾಳೆಗಳೇ ಹೋಗುತ್ತವೆ. ರಾಗ, ತಾಳ ಮಾತ್ರ ಕೆಂಪಿನಲ್ಲಿ, ಸಣ್ಣ ನಿಬ್ಬಿನಲ್ಲಿ. ಹೋದ ತಿಂಗಳು ಅವರೇ ಫೋನ್ ಮಾಡಿ ತಮಗೂ ಅಂಥದ್ದೊಂದು ಪೆನ್ನು ಬೇಕು ಅಂದರು. ಅವರು ಪೆನ್ನನ್ನು ತುಂಬಾ ನೆಟ್ಟಗೆ ಹಿಡಿಯುತ್ತಾರೆ. ಅದಕ್ಕೆ ತಕ್ಕ ಓರೆಯಲ್ಲಿ ಒಂದು ನಿಬ್ಬು ಉಜ್ಜಿದ್ದೇನೆ, ಎಡಮೂಲೆ ಇನ್ನೂ ಸ್ವಲ್ಪ ಕಚ್ಚುತ್ತಿದೆ. ಇವತ್ತು ಸಂಜೆ ಅದನ್ನು ಸರಿಮಾಡಿ, ನಾಳೆ ಸಿದ್ದಾಪುರದ ಬಸ್ಸಿಗೆ ಕೊಟ್ಟು ಕಳಿಸಬೇಕು.