ನೀಲಿ ಸ್ಟಾರ್ಮ್‌ಗೆ ಎರಡು ಬಿಳಿ ಪಟ್ಟೆ: ನನ್ನ ಅನುಭವ

ಕೊಡಗಿನಲ್ಲಿ ಕಾರಿಗೆ ಬಣ್ಣ ಹೊಡೆಯಬೇಕು ಅಂದ್ರೆ ಮೊದಲು ನೋಡಬೇಕಾದ್ದು ಕ್ಯಾಲೆಂಡರ್, ಆಮೇಲೆ ಬಣ್ಣದ ಕಾರ್ಡು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತೇ ಇಲ್ಲ. ಅಕ್ಟೋಬರ್, ನವೆಂಬರ್‌ನಲ್ಲಿ ಹಿಂಗಾರು ಯಾವ ಮಧ್ಯಾಹ್ನ ಗುಡುಗುತ್ತದೋ ಹೇಳಲಾಗದು. ಡಿಸೆಂಬರ್‌ನಲ್ಲಿ ಬೆಳಿಗ್ಗೆ ಮಂಜು ಕರಗುವುದೇ ತಡ. ಮಾರ್ಚ್ ಬಂದರೆ ಕಾಫಿ ಬೆಳೆಗಾರರೆಲ್ಲ ಗಿಡ ಹೂ ಬಿಡಲು ಬೇಕಾದ ಹೂಮಳೆಗೆ ಆಕಾಶ ನೋಡುತ್ತಾ ಕೂತಿರುತ್ತಾರೆ. ಆಗ ಮಳೆ ಬೇಡಪ್ಪಾ ಅಂತ ಬೇಡಿಕೊಂಡರೆ ಮನೆಯಲ್ಲೇ ಊಟ ಸಿಗುವುದಿಲ್ಲ. ಉಳಿಯುವುದು ಜನವರಿ ಮಧ್ಯದಿಂದ ಫೆಬ್ರವರಿ ಕೊನೆವರೆಗೆ. ಆದರೆ ಅದೇ ಹೊತ್ತಿಗೆ ಕಣದ ತುಂಬ ರೋಬಸ್ಟಾ ಕಾಫಿ ಹರಡಿರುತ್ತದೆ, ಗಾಳಿ ಬೀಸಿದರೆ ಸಾಕು, ದೂಳು. ಇದರ ನಡುವೆಯೇ ಅಮ್ಮತ್ತಿ ಕಡೆಯ ನಮ್ಮ ಹಳೇ ಕಾಫಿ ಸ್ಟೋರಿನಲ್ಲಿ ನನ್ನ ಸ್ಯಾನ್ ಸ್ಟಾರ್ಮ್‌ಗೆ ನಾನೇ ಬಣ್ಣ ಹೊಡೆದು ಪಟ್ಟೆ ಎಳೆದೆ.

ಈಗಿನ ಹುಡುಗರಲ್ಲಿ ಸ್ಯಾನ್ ಸ್ಟಾರ್ಮ್ ನೋಡಿದವರು ಕಡಿಮೆ. 1990ರ ದಶಕದ ಕೊನೆಯಲ್ಲಿ ಬಂದ, ಗೋವಾದಲ್ಲಿ ತಯಾರಾಗುತ್ತಿದ್ದ ಪುಟ್ಟ ಕಾರು. ಎರಡೇ ಸೀಟು, ಬಟ್ಟೆಯ ಟಾಪು. ಒಳಗಿರುವುದು ಫ್ರಾನ್ಸಿನ ರೆನೋ ಕಂಪನಿಯ 1,149 ಸಿಸಿ ಪೆಟ್ರೋಲ್ ಎಂಜಿನ್, ಶಕ್ತಿ ಸುಮಾರು 60 ಬಿಎಚ್‌ಪಿ. ಇದನ್ನು ಸ್ಪೋರ್ಟ್ಸ್ ಕಾರು ಅಂದರೆ ನಗುವವರಿದ್ದಾರೆ. ನಗಲಿ ಬಿಡಿ. ಪೆರುಂಬಾಡಿ ದಾಟಿ ಮಾಕುಟ್ಟ ಘಾಟಿ ಇಳಿಯುವಾಗ ಅಷ್ಟು ಧಾರಾಳ ಸಾಕು. ಬಣ್ಣದ ಮಟ್ಟಿಗೆ ಮುಖ್ಯವಾದ ಸಂಗತಿ ಬೇರೆ: ಇದರ ಮೈ ತಗಡಿನದಲ್ಲ, ಫೈಬರ್, ಅಂದ್ರೆ ಗಾಜಿನ ನಾರಿಗೆ ರೆಸಿನ್ ಅನ್ನೋ ಅಂಟು ಸೇರಿಸಿ ಗಟ್ಟಿ ಮಾಡಿದ್ದು.

ಪಟ್ಟೆ ಯಾವುದು ಅನ್ನೋ ಪ್ರಶ್ನೆಗೆ ಎಂಜಿನ್ನೇ ಉತ್ತರ ಕೊಟ್ಟಿತು. ಹಿಂದೆ ರೇಸಿನಲ್ಲಿ ಕಾರಿನ ಬಣ್ಣ ನೋಡಿ ದೇಶ ಹೇಳಬಹುದಿತ್ತು. ಇಟಲಿಗೆ ಕೆಂಪು, ಬ್ರಿಟನ್‌ಗೆ ಹಸಿರು, ಫ್ರಾನ್ಸ್‌ಗೆ ನೀಲಿ. ಅಮೆರಿಕದವರದ್ದು ಬಿಳಿ ಮತ್ತು ನೀಲಿ. 1951ರಲ್ಲಿ ಬ್ರಿಗ್ಸ್ ಕನಿಂಗ್‌ಹ್ಯಾಮ್ ಫ್ರಾನ್ಸಿನ ಲೆ ಮಾನ್ಸ್ ರೇಸಿಗೆ ಒಯ್ದ ಬಿಳಿ ಕಾರುಗಳ ಮೇಲೆ ನಡುವೆ ನೀಲಿ ಪಟ್ಟೆಗಳಿದ್ದವು. 1965ರ ಶೆಲ್ಬಿ ಮಸ್ಟಾಂಗ್ ಜಿಟಿ350 ಅದನ್ನು ಬೀದಿಗೆ ತಂದಿತು. ಈಗ ಎಲ್ಲರೂ ಸುಮ್ನೆ ‘ಮಸ್ಟಾಂಗ್ ಪಟ್ಟೆ’ ಅಂತಾರೆ. ನನ್ನ ಕಾರಿಗೆ ಅದರ ಸಂಬಂಧವೇ ಇಲ್ಲ. ರೆನೋ ಎಂಜಿನ್ ಇದ್ದ ಮೇಲೆ ನಂಟು ಇರುವುದು 1964ರ ರೆನೋ 8 ಗೋರ್ಡಿನಿ ಜೊತೆ. ಫ್ರೆಂಚ್ ನೀಲಿ ಮೈ, ಮೇಲೆ ಎರಡು ಬಿಳಿ ಪಟ್ಟೆ. ಅವು ನಡುವೆ ಅಲ್ಲ, ಡ್ರೈವರ್ ಕೂರುವ ಎಡಗಡೆಗೆ ಸರಿದು ಕೂತಿರುತ್ತವೆ. ಇಲ್ಲಿ ನಾವು ಬಲಗಡೆ ಕೂರುವವರು, ಹಾಗಾಗಿ ನನ್ನವು ಬಲಕ್ಕೆ ಬಂದವು. ನನ್ನ ಚಿಕ್ಕಪ್ಪನ ಮಗನಿಗೆ ಮಾತ್ರ ಬೇರೆ ಆಸೆ. ಕಪ್ಪು ಹೊಡೆದು ಕೆಂಪು ಪಟ್ಟೆ ಎಳೆ, ಕೊಡವರ ಕಪ್ಪು ನಿಲುವಂಗಿ ಕುಪ್ಯ ತೊಟ್ಟು ಸೊಂಟಕ್ಕೆ ಕೆಂಪು ಚೇಲೆ ಕಟ್ಟಿದ ಹಾಗಿರುತ್ತೆ ಅಂದ. ಐಡಿಯಾ ಚೆನ್ನಾಗಿತ್ತು, ನಿಜ. ಆದರೆ ಫೈಬರ್ ಮೇಲೆ ಕಪ್ಪು ಅಂದ್ರೆ ತಲೆನೋವು. ಬಿಸಿಲಿಗೆ ಕಪ್ಪು ಜಾಸ್ತಿ ಕಾಯುತ್ತದೆ, ಕಾದರೆ ಒಳಗಿನ ಗಾಜಿನ ನಾರಿನ ನೇಯ್ಗೆ ನಿಧಾನವಾಗಿ ಮೇಲೆ ಮೂಡುತ್ತದೆ.

ಇನ್ನೊಂದು ಕಾರಣ ಆರ್‌ಸಿ. ಅದರಲ್ಲಿ ಬಣ್ಣ ‘ನೀಲಿ’ ಅಂತ ಇದೆ. ಮೈಬಣ್ಣವನ್ನೇ ಬದಲಿಸಿದರೆ ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ಬರೆಸಬೇಕು. ನೀಲಿಯನ್ನೇ ಉಳಿಸಿಕೊಂಡರೆ ಆ ಓಡಾಟ ಇಲ್ಲ. ಮನೆಗೊಬ್ಬ ಮಾಜಿ ಸೈನಿಕರಿರುವ ನಮ್ಮ ಜಿಲ್ಲೆಯಲ್ಲಿ ಆಲಿವ್ ಹಸಿರು ಹೊಡೆಸುವ ಆಸೆ ಬಹಳ ಜನಕ್ಕಿದೆ, ಅವರಿಗೂ ಒಂದು ಮಾತು: ಸೇನೆಯದ್ದಲ್ಲದ ವಾಹನಕ್ಕೆ ಆ ಬಣ್ಣ ಹೊಡೆಯುವಂತಿಲ್ಲ. ಕೇಂದ್ರ ಮೋಟಾರು ವಾಹನ ನಿಯಮದ 121ನೇ ನಿಯಮ ನೋಡಿ.

ಸ್ಟಿಕ್ಕರ್ ಪಟ್ಟೆ ಯಾಕೆ ಬೇಡ ಅಂತ ಎಲ್ಲರೂ ಕೇಳಿದರು. ಸ್ಟಿಕ್ಕರ್ ಸುಲಭ, ಬೇಡ ಅಂದಾಗ ಕೀಳಬಹುದು, ಹೊಸ ಕಾರಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ನಮ್ಮ ಮಳೆಗಾಲದಲ್ಲಿ ಸ್ಟಿಕ್ಕರಿನ ಅಂಚಿಗೆ ನೀರು ನಿಲ್ಲುತ್ತದೆ, ಪಾಚಿ ಹಿಡಿಯುತ್ತದೆ. ಪ್ರೆಷರ್ ವಾಷರ್ ಬಿಟ್ಟರೆ ಅಂಚು ಏಳುತ್ತದೆ. ಹೇಗೂ ಇಡೀ ಕಾರಿನ ಹಳೇ ಬಣ್ಣ ಬಿರುಕು ಬಿಟ್ಟಿತ್ತು. ಹಿಂದಿನ ಯಾರೋ ಮಾಲೀಕರು ಎನ್‌ಸಿ, ಅಂದ್ರೆ ನೈಟ್ರೋಸೆಲ್ಯುಲೋಸ್ ಬಣ್ಣ ಹೊಡೆಸಿದ್ದರು, ಅದು ಫೈಬರ್ ಜೊತೆ ಬಾಗದೆ ಸೀಳಿತ್ತು. ಉಜ್ಜಲೇಬೇಕು ಅಂದ ಮೇಲೆ ಪಟ್ಟೆಯನ್ನೂ ಬಣ್ಣದಲ್ಲೇ ಮಾಡೋಣ ಅಂದುಕೊಂಡೆ.

ಫೈಬರ್ ಮೈಗೆ ಪೇಂಟ್ ರಿಮೂವರ್ ಹಚ್ಚಬಾರದು. ಬಣ್ಣದ ಜೊತೆ ರೆಸಿನ್ನನ್ನೂ ಅದು ತಿನ್ನುತ್ತದೆ. ಹೀಟ್ ಗನ್ ಕೂಡ ಬೇಡ. ಉಳಿಯುವುದು ಕೈ, ಮರದ ತುಂಡು, ಎಮರಿ ಪೇಪರ್. ಒರಟಾದ 180 ನಂಬರಿನಿಂದ ಶುರು ಮಾಡಿ ನಯವಾದ 320ಕ್ಕೆ ಬಂದೆ. ಆ ದೂಳು ಮೈಗೆ ತಾಗಿದರೆ ರಾತ್ರಿಯಿಡೀ ಕೆರೆತ, ಗಾಜಿನ ಪುಡಿ ಅಲ್ವಾ. ತುಂಬು ತೋಳಿನ ಅಂಗಿ, ಮಾಸ್ಕ್ ಬೇಕೇ ಬೇಕು. ಕೆಲಸ ಮುಗಿಸಿ ತಣ್ಣೀರಲ್ಲಿ ಮೈ ತೊಳೆದ ಮೇಲೆಯೇ ಬಿಸಿನೀರು.

ಬಣ್ಣ ಹೋದ ಮೇಲೆ ಬಾನೆಟ್ಟಿನ ಮೂಲೆಯಲ್ಲೂ ಬಾಗಿಲಿನ ಹಿಡಿಯ ಸುತ್ತಲೂ ಜೇಡನ ಬಲೆಯಂಥ ಸಣ್ಣ ಬಿರುಕುಗಳು ಕಂಡವು. ಇವಕ್ಕೆ ಮೇಲೆ ಪುಟ್ಟಿ ಮೆತ್ತಿ ಮುಚ್ಚುವವರಿದ್ದಾರೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದೇ ಗೆರೆ ಅದೇ ಜಾಗದಲ್ಲಿ ಮತ್ತೆ ಕಾಣುತ್ತದೆ. ಬಿರುಕನ್ನು ಸಣ್ಣ ಗ್ರೈಂಡರ್ ತುದಿಯಿಂದ ಇಂಗ್ಲಿಷಿನ ವಿ ಅಕ್ಷರದ ಹಾಗೆ ಕೊರೆದು, ಮೇಲಿನ ಜೆಲ್‌ಕೋಟ್ ಅನ್ನೋ ನಯವಾದ ಪದರ ದಾಟಿ ಗಟ್ಟಿ ಪದರ ಸಿಗುವವರೆಗೂ ಇಳಿಯಬೇಕು. ಪ್ಯಾನೆಲ್ ಅದುರುವ ಜಾಗವಾದರೆ ಒಳಗಡೆಯಿಂದ ಗಾಜಿನ ಮ್ಯಾಟು ಮತ್ತು ರೆಸಿನ್ ಹಾಕಿ ಬಿಗಿ ಮಾಡಬೇಕು, ಯಾಕಂದ್ರೆ ಬಿರುಕಿಗೆ ಮೂಲ ಆ ಅದುರುವಿಕೆಯೇ. ಆಮೇಲೆ ಮೇಲಿನಿಂದ ತುಂಬಿ, ಉಜ್ಜಿ, ಪ್ರೈಮರ್. ನಾನು ತಿಳಿ ಬೂದು ಬಣ್ಣದ ಎಪಾಕ್ಸಿ ಪ್ರೈಮರ್ ತೆಗೆದುಕೊಂಡೆ. ಪ್ರೈಮರ್ ಒಣಗಿದ ಮೇಲೆ ಕಪ್ಪು ಸ್ಪ್ರೇಯನ್ನು ತೆಳ್ಳಗೆ ಊದಿ, 600ರ ವಾಟರ್ ಪೇಪರಿನಲ್ಲಿ ಉಜ್ಜಿದರೆ ತಗ್ಗಿನಲ್ಲೆಲ್ಲ ಕಪ್ಪು ಉಳಿಯುತ್ತದೆ. ಅಂಗೈ ಸುಳ್ಳು ಹೇಳಿದರೂ ಆ ಕಪ್ಪು ಹೇಳುವುದಿಲ್ಲ.

ತೇವದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಬಣ್ಣದಲ್ಲಿರುವ ತಿನ್ನರ್ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಇದ್ದರೆ ಅದು ಅಲ್ಲೇ ಕೂತು ಬಣ್ಣ ಮಸುಕಾಗುತ್ತದೆ, ಬಿಳಿ ಪೊರೆ ಬಂದ ಹಾಗೆ. ಗಟ್ಟಿಯಾಗಲಿ ಅಂತ ಹಾರ್ಡನರ್ ಬೆರೆಸುವ ಬಣ್ಣದಲ್ಲಿ ಇನ್ನೊಂದು ತಾಪತ್ರಯ: ಹಾರ್ಡನರ್ ನೀರಿನ ಜೊತೆ ಸೇರಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಸಣ್ಣ ಗುಳ್ಳೆ ಏಳುತ್ತವೆ. ಗಾಳಿಯ ತೇವ ಮತ್ತು ಉಷ್ಣತೆ ತೋರಿಸುವ ಸಣ್ಣ ಮೀಟರ್ ತೆಗೆದುಕೊಳ್ಳಿ, ದುಬಾರಿಯೇನಲ್ಲ. ಇಬ್ಬನಿ ಕೂರುವ ಉಷ್ಣತೆಗಿಂತ ಪ್ಯಾನೆಲ್ ಕನಿಷ್ಠ 3 ಡಿಗ್ರಿ ಬಿಸಿ ಇರಬೇಕು. ನಮ್ಮಲ್ಲಿ ಬೆಳಿಗ್ಗೆ ಎಂಟಕ್ಕೆ ಬಿಸಿಲು ಬಂದಿದ್ದರೂ ಬಾನೆಟ್ ಇನ್ನೂ ರಾತ್ರಿಯ ತಂಪಲ್ಲೇ ಇರುತ್ತದೆ. ಹನ್ನೊಂದರ ನಂತರ ಶುರು ಮಾಡಿ ಮೂರರೊಳಗೆ ಸ್ಪ್ರೇ ಗನ್ ತೊಳೆದಿಡುವುದು ನನ್ನ ನಿಯಮವಾಯಿತು. ಕಂಪ್ರೆಸರ್ ಟ್ಯಾಂಕಿನಲ್ಲೂ ನೀರು ಕೂಡಿಕೊಳ್ಳುತ್ತದೆ. ಪ್ರತಿ ಸಲ ಕೆಳಗಿನ ವಾಲ್ವ್ ತೆಗೆದು ಬಸಿಯಬೇಕು, ಗನ್ನಿಗೂ ಟ್ಯಾಂಕಿಗೂ ನಡುವೆ ಉದ್ದದ ಹೋಸು ಮತ್ತು ನೀರು ಹಿಡಿಯುವ ಫಿಲ್ಟರ್ ಇರಬೇಕು.

ಸ್ಟೋರಿನ ಗೋಡೆ, ಮಾಡಿನ ಒಳಗೆ ಕರಿಮೆಣಸು ಒಣಗಿಸುವ ಪ್ಲಾಸ್ಟಿಕ್ ಹಾಳೆಗಳನ್ನೇ ಕಟ್ಟಿದೆ. ದೂಳು ಏಳದಿರಲಿ ಅಂತ ನೆಲಕ್ಕೆ ನೀರು ಚಿಮುಕಿಸುವುದು ಬಯಲುಸೀಮೆಯ ಪೇಂಟರುಗಳ ಅಭ್ಯಾಸ. ಇಲ್ಲಿ ಅದು ಬೇಡ, ತೇವ ಸಾಕಷ್ಟಿದೆ. ನೆಲಕ್ಕೂ ಹಾಳೆ ಹಾಸಿದೆ. ಫೈಬರ್ ಉಜ್ಜಿದಷ್ಟೂ ಸ್ಥಾಯೀ ವಿದ್ಯುತ್ ಹಿಡಿದು ದೂಳನ್ನು ಎಳೆಯುತ್ತದೆ. ಅದಕ್ಕೆ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಕೊನೆಗೆ ದೂಳು ಹಿಡಿಯುವ ಅಂಟುಬಟ್ಟೆ. ಇಷ್ಟಾದರೂ ಬಿಳಿ ಬಣ್ಣಕ್ಕೆ ಹುಳ ಬರುವುದನ್ನು ತಪ್ಪಿಸಲಾಗಲಿಲ್ಲ. ಬಿದ್ದ ಹುಳವನ್ನು ಹಸಿ ಬಣ್ಣದಲ್ಲಿ ಮುಟ್ಟಬೇಡಿ. ಒಣಗಿದ ಮೇಲೆ ಉಜ್ಜಿದರೆ ಹೋಗುತ್ತದೆ.

ಈಗ ಪಟ್ಟೆಗೆ ಬರೋಣ. ಪಟ್ಟೆಯ ಕೆಲಸ ಗನ್ನಿನಲ್ಲಿ ಇಲ್ಲ, ಗುರುತು ಹಾಕುವುದರಲ್ಲಿದೆ. ಫೈಬರ್ ಪ್ಯಾನೆಲ್ಲುಗಳನ್ನು ಅಚ್ಚಿನಲ್ಲಿ ಹಾಕಿ ತೆಗೆದು ಜೋಡಿಸಿರುತ್ತಾರೆ. ನನ್ನ ಕಾರಿನಲ್ಲಿ ಬಾನೆಟ್ಟಿನ ಎಡ ಸಂದು, ಬಲ ಸಂದು ಒಂದೇ ಅಳತೆ ಇರಲಿಲ್ಲ. ಬಾನೆಟ್ಟಿನ ಅಂಚಿನಿಂದ ಟೇಪ್ ಹಿಡಿದು ಅಳೆದರೆ ಪಟ್ಟೆ ಸೊಟ್ಟಗಾಗುವುದು ಗ್ಯಾರಂಟಿ. ನಾನು ಚಕ್ರಗಳನ್ನು ನಂಬಿದೆ. ಮುಂದಿನ ಎರಡು ಚಕ್ರಗಳ ನಡುಬಿಂದು, ಹಿಂದಿನ ಎರಡರ ನಡುಬಿಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತಿಸಿ, ಅವೆರಡನ್ನೂ ಸೇರಿಸುವ ಗೆರೆ ಎಳೆದೆ. ಅದು ಕಾರಿನ ನಿಜವಾದ ನಡು. ಆ ಗೆರೆಗೆ ಸಮಾನಾಂತರವಾಗಿ ಬಲಕ್ಕೆ ಸರಿಸಿ ಪಟ್ಟೆಯ ಜಾಗ.

ನೆಲದ ಗೆರೆಯನ್ನು ಮೈಮೇಲೆ ತರುವುದು ಹೇಗೆ? ದಾರ ಎಳೆದರೆ ಉಬ್ಬು ಇರುವಲ್ಲಿ ತಾಗಿ ಪಕ್ಕಕ್ಕೆ ಜಾರುತ್ತದೆ. ಟೈಲ್ಸ್ ಹಾಕುವವರು ಇಟ್ಟುಕೊಳ್ಳುವ ಲೇಸರ್ ಲೆವೆಲ್ ಒಂದನ್ನು ಎರವಲು ತಂದೆ. ಅದರ ನೆಟ್ಟನೆಯ ಗೆರೆ ಉಬ್ಬು, ತಗ್ಗು, ಗಾಜಿನ ಚೌಕಟ್ಟು ಯಾವುದಕ್ಕೂ ಜಗ್ಗದೆ ಮೂತಿಯಿಂದ ಡಿಕ್ಕಿಯವರೆಗೆ ಒಂದೇ ಸಮ ಬೀಳುತ್ತದೆ. ತೆರೆದ ಕಾರಿನಲ್ಲಿ ಇದು ಮುಖ್ಯ. ಬಾನೆಟ್ಟಿನಲ್ಲಿ ನಿಂತ ಪಟ್ಟೆ ಸೀಟುಗಳ ಹಿಂದೆ ಡಿಕ್ಕಿಯ ಮೇಲೆ ಮತ್ತೆ ಶುರುವಾಗಬೇಕು, ಅದೇ ಗೆರೆಯಲ್ಲಿ. ಹಗಲಲ್ಲಿ ಲೇಸರ್ ಕಾಣುವುದಿಲ್ಲ. ಸಂಜೆ ದೀಪ ಹಚ್ಚುವ ಹೊತ್ತು ಸರಿ.

ಅಗಲ ಎಷ್ಟು? ಹಳೇ ಪೇಪರನ್ನು ಬೇರೆ ಬೇರೆ ಅಗಲಕ್ಕೆ ಕತ್ತರಿಸಿ ಅಂಟಿಸಿ, ದೂರ ನಿಂತು ನೋಡಿದೆ. ದೊಡ್ಡ ಅಮೆರಿಕನ್ ಕಾರಿನ ಅಗಲ ಈ ಪುಟ್ಟ ಮೂತಿಗೆ ಹೊರೆ. ಕೊನೆಗೆ 4 ಇಂಚಿನ ಎರಡು ಪಟ್ಟೆ, ನಡುವೆ 2 ಇಂಚು ನೀಲಿ. ಒಂದು ಸೂಕ್ಷ್ಮ ಇದೆ: ಮೂತಿ ಕೆಳಕ್ಕೆ ಬಾಗುವಲ್ಲಿ ನಿಜಕ್ಕೂ ಸಮ ಅಗಲದ ಪಟ್ಟೆ ಕಣ್ಣಿಗೆ ಹರಡಿದ ಹಾಗೆ ಕಾಣುತ್ತದೆ. ಅಲ್ಲಿ ಪ್ರತಿ ಬದಿಯಲ್ಲಿ ಒಂದೆರಡು ಮಿಲಿಮೀಟರ್ ಒಳಕ್ಕೆ ತಂದೆ. ಸ್ಕೇಲ್ ಇಟ್ಟು ನೋಡುವವರಿಗೆ ಅದು ತಪ್ಪು. ನಿಂತು ನೋಡುವವರಿಗೆ ನೇರ. ಕಾರು ನೋಡುವವರು ನಿಂತೇ ನೋಡುತ್ತಾರೆ.

ನೀಲಿಯ ಮೇಲೆ ಬಿಳಿ ಹೊಡೆಯುತ್ತೇನೆ ಅಂತ ಹೊರಡಬೇಡಿ. ಬಿಳಿ ನೀಲಿಯನ್ನು ಮುಚ್ಚಲು ಕೋಟಿನ ಮೇಲೆ ಕೋಟು ಬೇಕು, ಅಂಚು ಬೆರಳಿಗೆ ತಾಗುವಷ್ಟು ದಪ್ಪವಾಗುತ್ತದೆ. ಮೊದಲು ಪಟ್ಟೆ ಬರುವ ಜಾಗದಲ್ಲಿ, ಬೇಕಾದ್ದಕ್ಕಿಂತ ಅಗಲಕ್ಕೆ, ಬೂದು ಪ್ರೈಮರ್ ಮೇಲೆ ಬಿಳಿ ಹೊಡೆದೆ. ಅದು ಚೆನ್ನಾಗಿ ಒಣಗಿದ ಮೇಲೆ ಬಿಳಿಯ ಮೇಲೆ ಟೇಪು, ಆಮೇಲೆ ಎಲ್ಲದರ ಮೇಲೆ ನೀಲಿ. ಅಂಚಿಗೆ ಸಾಮಾನ್ಯ ಮಾಸ್ಕಿಂಗ್ ಟೇಪ್ ಬೇಡ, ಅದರ ಅಂಚು ಹಲ್ಲುಹಲ್ಲಾಗಿರುತ್ತದೆ. 6 ಮಿಮೀ ಫೈನ್‌ಲೈನ್ ಪ್ಲಾಸ್ಟಿಕ್ ಟೇಪ್ ಬೇಕು. ಒಂದು ತುದಿ ಅಂಟಿಸಿ, ಇನ್ನೊಂದು ಕೈಯಲ್ಲಿ ಮೀಟರ್ ಉದ್ದ ಎಳೆದು ಹಿಡಿದು, ಲೇಸರ್ ಗೆರೆಯ ಮೇಲೆ ಒಂದೇ ಸಲ ಇಳಿಸಬೇಕು. ಇಂಚಿಂಚಿಗೆ ಬೆರಳಲ್ಲಿ ಒತ್ತುತ್ತಾ ಹೋದರೆ ಪ್ರತಿ ಒತ್ತಿಗೂ ಒಂದು ಕೊಂಕು.

ಟೇಪ್ ಅಂಟಿಸಿದ ಮೇಲೆ ನೇರ ನೀಲಿಗೆ ಹೋಗಲಿಲ್ಲ. ಅಂಚಿನುದ್ದಕ್ಕೂ ಮತ್ತೆ ತೆಳ್ಳಗೆ ಬಿಳಿ ಊದಿದೆ. ಟೇಪಿನಡಿ ನುಗ್ಗುವುದಿದ್ದರೆ ಬಿಳಿಯೇ ನುಗ್ಗಲಿ, ಬಿಳಿಯ ಮೇಲೆ ಬಿಳಿ ಕಾಣುವುದಿಲ್ಲ. ಸಂದು ಮುಚ್ಚಿದ ಮೇಲೆ ನೀಲಿ, ಮೈಸೂರಿನಲ್ಲಿ ಬೆರೆಸಿ ತಂದದ್ದು, 1.3 ಮಿಮೀ ಮೂತಿಯ ಗನ್ನಿನಲ್ಲಿ, ತೆಳು ಕೋಟುಗಳಾಗಿ. ಕೊನೆಯ ಕೋಟಿನ ಹೊಳಪು ಆರಿ ಮಂಕಾದ ತಕ್ಷಣ ಟೇಪ್ ತೆಗೆಯಬೇಕು. ಪೂರ್ತಿ ಒಣಗಲು ಬಿಟ್ಟರೆ ಅಂಚು ಹರಿಯುತ್ತದೆ. ಟೇಪನ್ನು ಮೇಲಕ್ಕೆ ಎತ್ತಬಾರದು, ತನ್ನ ಮೇಲೇ ಹಿಂದಕ್ಕೆ ಮಡಚಿದ ಹಾಗೆ, ನೀಲಿಯಿಂದ ಆಚೆ ಬಿಳಿಯ ಕಡೆಗೆ ವಾಲಿಸಿ ನಿಧಾನ ಎಳೆಯಬೇಕು. ಬಾನೆಟ್ಟಿನ ಮುಂಭಾಗದಲ್ಲಿ ಆ ಅಂಚು ಬಿಚ್ಚಿಕೊಳ್ಳುತ್ತಾ ಬರುವುದನ್ನು ನೋಡಲು ಮನೆಯವರೆಲ್ಲ ಬಾಗಿಲಲ್ಲಿ ನಿಂತಿದ್ದರು. ಯಾರನ್ನೂ ಒಳಗೆ ಬಿಡಲಿಲ್ಲ, ಸ್ವೆಟರಿನ ನೂಲೆಳೆ ಹಾರುತ್ತದೆ.

ಪಟ್ಟೆ, ಮೈ ಎರಡರ ಮೇಲೂ ಒಟ್ಟಿಗೆ ಕ್ಲಿಯರ್, ಅಂದ್ರೆ ಬಣ್ಣವಿಲ್ಲದ ಹೊಳಪಿನ ಪದರ. ಎರಡು ಕೋಟು, ಒಣಗಿದ ಮೇಲೆ 800ರಲ್ಲಿ ಉಜ್ಜಿ ಮತ್ತೆ ಎರಡು. ಆಗ ಪಟ್ಟೆಯ ಮೆಟ್ಟಿಲು ಹೂತುಹೋಗುತ್ತದೆ, ಕಣ್ಣು ಮುಚ್ಚಿ ಬೆರಳಾಡಿಸಿದರೂ ಗೊತ್ತಾಗುವುದಿಲ್ಲ. ಇಲ್ಲೊಂದು ಎಚ್ಚರಿಕೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕ್ಲಿಯರಿನ ಹಾರ್ಡನರಿನಲ್ಲಿ ಐಸೋಸಯನೇಟ್ ಇರುತ್ತದೆ. ಅದರ ಮಂಜು ಉಸಿರಲ್ಲಿ ಹೋದರೆ ಅಸ್ತಮಾ ಬರಬಹುದು, ಒಮ್ಮೆ ಅಲರ್ಜಿ ಹಿಡಿದರೆ ಆಮೇಲೆ ಸ್ವಲ್ಪವೂ ತಡೆಯದು. ವಾಸನೆ ಬರಲಿಲ್ಲ ಅಂದರೆ ಅಪಾಯವಿಲ್ಲ ಅಂತಲ್ಲ. ಹೊರಗಿನ ಶುದ್ಧ ಗಾಳಿ ಪೈಪಿನಲ್ಲಿ ತರುವ ಮಾಸ್ಕ್ ಬೇಕು. ಪರಿಚಯದ ಪೇಂಟರ್ ಒಬ್ಬರಿಂದ ತಂದೆ. ಅದು ಸಿಗದಿದ್ದರೆ ಕ್ಲಿಯರ್ ಕೆಲಸವನ್ನು ಪೇಂಟ್ ಬೂತ್ ಇರುವವರಿಗೆ ಕೊಡಿ. ಪಟ್ಟೆ ಆಗಲೂ ನಿಮ್ಮದೇ.

ಬಾಗಿಲಿನ ಕೆಳಗಿನ ಪ್ಯಾನೆಲ್ ಮತ್ತು ಹಿಂದಿನ ದೀಪಗಳ ನಡುವಿನ ಪ್ಯಾನೆಲ್ ಮಾತ್ರ ಗಾಢ ಬೂದು, ಮ್ಯಾಟ್. ಕೆಳಗಿನದಕ್ಕೆ ಮೊದಲು ಕಲ್ಲೇಟು ತಡೆಯುವ ದಪ್ಪ ಕೋಟ್ ಹೊಡೆದೆ. ನಮ್ಮ ತೋಟದ ರಸ್ತೆಯಲ್ಲಿ ಜಲ್ಲಿ ಸಿಡಿಯುವುದು ಅಲ್ಲಿಗೇ. ಕೆಂಪು ಕೆಸರೂ ಬೂದಿನ ಮೇಲೆ ಅಷ್ಟು ಎದ್ದು ಕಾಣುವುದಿಲ್ಲ. ಅದಕ್ಕೂ ಮೀರಿ, ಕೆಳಗೆ ಗಾಢವಾದರೆ ಕಾರು ತಗ್ಗಾಗಿ, ಉದ್ದವಾಗಿ ಕಾಣುತ್ತದೆ. ಕನ್ನಡಿಗಳನ್ನೂ ಬಿಳಿ ಮಾಡು ಅಂದರು ಕೆಲವರು. ಬೇಡ ಅಂದೆ, ಪಟ್ಟೆಯ ಬಿಳಿ ಒಂದೇ ಸಾಕು.

ಹೊಸ ಕ್ಲಿಯರ್ ಒಳಗಿನವರೆಗೂ ಗಟ್ಟಿಯಾಗಲು ವಾರಗಳು ಬೇಕು. ಅಲ್ಲಿಯವರೆಗೆ ವ್ಯಾಕ್ಸ್ ಬೇಡ, ಹೊದಿಕೆ ಬೇಡ. ಪೂಜೆಗೆ ಹೋದರೆ ಅರಿಶಿನ, ಕುಂಕುಮವನ್ನು ನಂಬರ್ ಪ್ಲೇಟಿಗೆ ಹಚ್ಚಿ ಅಂತ ಅರ್ಚಕರಿಗೆ ಮೊದಲೇ ಹೇಳಿಬಿಡಿ. ಬಿಳಿ ಪಟ್ಟೆಯ ಮೇಲೆ ಅರಿಶಿನ ಕೂತರೆ ಹೋಗುವುದು ಕಷ್ಟ. ನಮ್ಮಮ್ಮ ಬೇಸರ ಮಾಡಿಕೊಂಡು ಸ್ಟೀರಿಂಗಿಗೆ ಹಚ್ಚಿದರು. ಉಳಿದ ನೀಲಿ ಮತ್ತು ಬಿಳಿಯನ್ನು ಸಣ್ಣ ಗಾಜಿನ ಬಾಟಲಿಗಳಲ್ಲಿ ಕಂಠಮಟ್ಟ ತುಂಬಿ, ಮಿಶ್ರಣದ ಚೀಟಿ ಅಂಟಿಸಿ ಇಟ್ಟಿದ್ದೇನೆ. ಬಾಗಿಲಿಗೆ ಆಗಲೇ ಕಾಫಿ ಗಿಡದ ರೆಂಬೆಯೊಂದು ಗೀರು ಹಾಕಿದೆ, ಮುಂದಿನ ಜನವರಿಯಲ್ಲಿ ನೋಡಿಕೊಳ್ಳಬೇಕು.