ಡೀಸೆಲ್ ಇಲ್ಲದೆ, ಡ್ಯುಯಲಿ ಇಲ್ಲದೆ ಫಿಫ್ತ್ ವೀಲ್ ಎಳೆದ ನನ್ನ ಅನುಭವ

ನಮ್ಮ 34 ಅಡಿ ಫಿಫ್ತ್ ವೀಲ್ ಟ್ರೇಲರ್ (ಟ್ರಕ್ಕಿನ ಬೆಡ್ಡಿನೊಳಗಿನ ಹಿಚ್ಚಿಗೆ, ಅಂದರೆ ಕೊಂಡಿಗೆ, ಕೂರುವ ಮನೆಯಂಥ ಟ್ರೇಲರ್) ಸಾಮಾನು ತುಂಬಿದ ಮೇಲೆ 12,600 ಪೌಂಡ್ ಆಸುಪಾಸು ತೂಗುತ್ತದೆ. ಪೆಟ್ರೋಲ್ ಎಂಜಿನ್ ಇರುವ, ಹಿಂದೆ ಎರಡೇ ಚಕ್ರದ (ನಾಲ್ಕಿದ್ದರೆ ಅದು ಡ್ಯುಯಲಿ) ಒನ್ ಟನ್ ವರ್ಗದ ಟ್ರಕ್ಕಿನಲ್ಲಿ ಅದನ್ನು ಡಾಲಸ್‌ನಿಂದ ಕೊಲರಾಡೊ ಬೆಟ್ಟಗಳಿಗೆ ಕೆಲವು ಬೇಸಿಗೆಗಳಿಂದ ಎಳೆದುಕೊಂಡು ಹೋಗಿ ಬರುತ್ತಿದ್ದೇನೆ. ಕೊಳ್ಳುವ ಮುಂಚೆ ನಮ್ಮ ಗೆಳೆಯರಲ್ಲಿ ಒಬ್ಬರೂ ಒಪ್ಪಿರಲಿಲ್ಲ. "ಡೀಸೆಲ್ ಇಲ್ದೆ ರಟೋನ್ ಪಾಸ್ ಹತ್ತುತ್ತಾ? ಆಗಲ್ಲ ಬಿಡು ಗುರು" ಅಂದವರೇ ಎಲ್ಲ (ರಟೋನ್ ಪಾಸ್ ನಮ್ಮ ದಾರಿಯ ಘಾಟಿ). ಈಗ ಅವರಲ್ಲೇ ಇಬ್ಬರು ನನ್ನ ಲೆಕ್ಕದ ಹಾಳೆ ತರಿಸಿಕೊಂಡಿದ್ದಾರೆ. ಹಿಚ್ ಹಾಕುವುದು, ಬ್ರೇಕ್ ಕಂಟ್ರೋಲರ್ ಹೊಂದಿಸುವುದು ಗೊತ್ತಿರುವವರಿಗಾಗಿ ಬರೆಯುತ್ತಿದ್ದೇನೆ. ಅದನ್ನೆಲ್ಲ ಮತ್ತೆ ವಿವರಿಸುವುದಿಲ್ಲ.

ಮೊದಲು ನಮ್ಮ ಹತ್ತಿರ ಇದ್ದದ್ದು ಹಾಫ್ ಟನ್ ಟ್ರಕ್ (ದೊಡ್ಡ ಪಿಕಪ್‌ಗಳಲ್ಲಿ ಹಗುರ ವರ್ಗ; ಅದರ ಮೇಲೆ ತ್ರೀ ಕ್ವಾರ್ಟರ್ ಟನ್, ಆಮೇಲೆ ಒನ್ ಟನ್), ಜೊತೆಗೆ ಸುಮಾರು 7,800 ಪೌಂಡಿನ ಟ್ರಾವೆಲ್ ಟ್ರೇಲರ್. ಜಾಹೀರಾತಿನಲ್ಲಿ 11,000 ಪೌಂಡ್ ಎಳೆಯುತ್ತದೆ ಎಂದಿತ್ತು. ಎಳೆಯಿತು, ಅದರಲ್ಲಿ ಸುಳ್ಳಿಲ್ಲ. ಆದರೆ ಹಾಫ್ ಟನ್ನಿನಲ್ಲಿ ಮೊದಲು ಮುಗಿಯುವುದು ಪೇಲೋಡ್, ಅಂದರೆ ಟ್ರಕ್ ತನ್ನ ಮೈಮೇಲೆ ಹೊರಬಹುದಾದ ಭಾರ. ಬಾಗಿಲ ಚೌಕಟ್ಟಿನ ಸ್ಟಿಕರ್ ಪ್ರಕಾರ ನಮ್ಮದು 1,500 ಚಿಲ್ಲರೆ. ಟಂಗ್ ವೇಯ್ಟ್ (ಟ್ರೇಲರಿನ ಮೂತಿ ಹಿಚ್ ಮೇಲೆ ಹಾಕುವ ಭಾರ) ಒಂದೇ 1,000, ಆ ಭಾರವನ್ನು ಮುಂದಿನ ಆಕ್ಸಲ್ಲಿಗೂ ಹಂಚುವ ವೇಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ 100, ನಾವು ನಾಲ್ಕು ಜನ 500. ಕೂಲರ್, ಟೂಲ್ ಬಾಕ್ಸ್ ಇಡುವ ಮುಂಚೆಯೇ ಲೆಕ್ಕ ಮುಗಿದಿತ್ತು. ಎದುರಿನಿಂದ ದೊಡ್ಡ ಲಾರಿ ಹಾದುಹೋದಾಗಲೆಲ್ಲ ಸ್ಟಿಯರಿಂಗ್ ಕೈಯಲ್ಲಿ ಹಗುರಾಗುತ್ತಿತ್ತು. ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಹಾಗೆ ಓಡಿಸಲು ನನಗೆ ಮನಸ್ಸಾಗಲಿಲ್ಲ.

ಅದನ್ನು ಮಾರಿ ತ್ರೀ ಕ್ವಾರ್ಟರ್ ಟನ್ ಡೀಸೆಲ್ ತಂದೆ. ಎಲ್ಲ ಸೌಕರ್ಯ ಇರುವ ಮೇಲಿನ ಟ್ರಿಮ್, ಲೆದರ್ ಸೀಟು, ಸನ್‌ರೂಫ್, ಫೋರ್ ವೀಲ್ ಡ್ರೈವ್. ಜೊತೆಗೇ ಈ ಫಿಫ್ತ್ ವೀಲ್. "ಇದು ಮನೆಯನ್ನೇ ಎಳೆದುಕೊಂಡು ಹೋಗುತ್ತೆ" ಎಂದು ಡೀಲರ್ ಹೇಳಿದ್ದ. ಶಕ್ತಿ ಬೇಕಾದಷ್ಟಿತ್ತು, ಹತ್ತಿಸುವಾಗ ಹಿಂದೆ ಟ್ರೇಲರ್ ಇರುವುದೇ ಮರೆತುಹೋಗುತ್ತಿತ್ತು. ಆದರೆ ತ್ರೀ ಕ್ವಾರ್ಟರ್ ಟನ್ ಟ್ರಕ್ಕುಗಳ ಜಿವಿಡಬ್ಲ್ಯುಆರ್ (ತುಂಬಿದ ಮೇಲೆ ತೂಗಬಹುದಾದ ಗರಿಷ್ಠ ಮಿತಿ) ಸಾಮಾನ್ಯವಾಗಿ 10,000 ಪೌಂಡಿಗೆ ನಿಲ್ಲುತ್ತದೆ, ಏಕೆಂದರೆ ಆ ವರ್ಗದ ಮೇಲಿನ ಗೆರೆಯೇ ಅದು. ಡೀಸೆಲ್ ಎಂಜಿನ್ನಿನ ಹೆಚ್ಚುವರಿ ಭಾರ, ಸನ್‌ರೂಫು, ಲೆದರು ಎಲ್ಲ ಕಳೆಯುವುದು ಆ ಹತ್ತು ಸಾವಿರದಿಂದಲೇ. ನನಗೆ ಉಳಿದದ್ದು ಸುಮಾರು 2,300. ಟ್ರೇಲರಿನ ಪಿನ್ ವೇಯ್ಟ್ (ಟ್ರಕ್ಕಿನ ಮೇಲೆ ಕೂರುವ ಭಾರ) ಒಂದೇ 2,650!

ಆಗ ಹಿಂದಿನ ಸಸ್ಪೆನ್ಷನ್ನಿಗೆ ಗಾಳಿ ತುಂಬುವ ಏರ್ ಬ್ಯಾಗ್ ಹಾಕಿಸಿದೆ. ಕೂಲಿ ಸೇರಿ 900 ಡಾಲರ್ ಹತ್ತಿರ ಹೋಯಿತು. ಕುಸಿದಿದ್ದ ಹಿಂಭಾಗ ಎದ್ದು ಮಟ್ಟಸವಾಯಿತು, ನೋಡಲು ಚೆಂದ. ತೂಕದ ಚೀಟಿಯಲ್ಲಿ ಮಾತ್ರ ಒಂದು ಪೌಂಡೂ ಕಡಿಮೆಯಾಗಲಿಲ್ಲ. ಏರ್ ಬ್ಯಾಗ್ ಹಾಕಿದರೆ ಪೇಲೋಡ್ ಹೆಚ್ಚುತ್ತದೆ ಎಂದು ಈಗಲೂ ವಾದಿಸುವವರಿದ್ದಾರೆ. ಕ್ಯಾಟ್ ಸ್ಕೇಲ್ (ಟ್ರಕ್ ಸ್ಟಾಪುಗಳಲ್ಲಿರುವ ವಾಹನ ತೂಗುವ ಕಾಟಾ) ಮೇಲೆ ಒಮ್ಮೆ ನಿಲ್ಲಿಸಿ ನೋಡಲಿ.

ಕ್ಯಾಟ್ ಸ್ಕೇಲಿನಿಂದಲೇ ನನ್ನ ದಾರಿ ತಿರುಗಿತು. ಟ್ರಕ್ ಕೊಂಡು ಟ್ರೇಲರ್ ಹುಡುಕುವುದನ್ನು ಬಿಟ್ಟು, ಟ್ರೇಲರನ್ನು ತೂಗಿ ಟ್ರಕ್ ಹುಡುಕಿದೆ. ಪ್ರವಾಸಕ್ಕೆ ಹೊರಡುವಂತೆಯೇ ತುಂಬಬೇಕು: ನೀರು, ಪ್ರೊಪೇನ್, ಬಟ್ಟೆ, ಸೋನಾ ಮಸೂರಿ ಮೂಟೆ, ಕುಕ್ಕರು, ವೆಟ್ ಗ್ರೈಂಡರು. ನಮ್ಮವರ ಅಡುಗೆಮನೆಯೇ ಇನ್ನೂರು ಮುನ್ನೂರು ಪೌಂಡ್ ಆಗುತ್ತದೆ, ಬ್ರೋಶರಿನ ಡ್ರೈ ವೇಯ್ಟಿನಲ್ಲಿ (ಖಾಲಿ ತೂಕದಲ್ಲಿ) ಅದು ಸೇರಿರುವುದಿಲ್ಲ. ನಮ್ಮ ಟ್ರೇಲರಿಗೆ ಬ್ರೋಶರ್ ಹೇಳಿದ್ದು 10,200 ಚಿಲ್ಲರೆ. ಟ್ರಕ್ಕಿನ ಇಂಧನ ಟ್ಯಾಂಕ್ ಪೂರ್ತಿ ತುಂಬಿಸಿ, ಜೋಡಿಸಿದಂತೆಯೇ ಒಮ್ಮೆ ತೂಗಿ, ಟ್ರೇಲರ್ ಬಿಚ್ಚಿ ಟ್ರಕ್ಕನ್ನಷ್ಟೇ ಮತ್ತೆ ತೂಗಬೇಕು. ಟ್ರಕ್ಕಿನ ಎರಡೂ ಆಕ್ಸಲ್‌ಗಳ ಮೊತ್ತದಲ್ಲಿ ಬರುವ ವ್ಯತ್ಯಾಸವೇ ಪಿನ್ ವೇಯ್ಟ್. ಮರುತೂಕಕ್ಕೆ ದರ ಕಡಿಮೆ, ಎರಡೂ ಸೇರಿ 20 ಡಾಲರ್ ಹತ್ತಿರ ಆದ ನೆನಪು. ಎಪ್ಪತ್ತು ಸಾವಿರದ ಟ್ರಕ್ ಕೊಳ್ಳುವವರು ಈ ಇಪ್ಪತ್ತು ಡಾಲರ್ ಖರ್ಚು ಮಾಡುವುದಿಲ್ಲ ಎನ್ನುವುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಪಿನ್ 2,650, ಹಿಚ್ 200, ನಾವು 550, ಸಾಮಾನು 200. ಒಟ್ಟು 3,600. ಅಂದರೆ 4,000 ಪೇಲೋಡ್ ಇರುವ ಟ್ರಕ್ ಬೇಕು. ಡೀಲರುಗಳ ಅಂಗಳದಲ್ಲಿ ಬಾಗಿಲು ತೆಗೆದು ಸ್ಟಿಕರ್ ಓದುತ್ತಾ ಅಲೆದೆ. ಕೊನೆಗೆ ಸಿಕ್ಕಿದ್ದು ಫೋರ್ಡ್ ಎಫ್-350, 2020ರ ಮಾದರಿಯಿಂದ ಬಂದ 7.3 ಲೀಟರ್ ಪೆಟ್ರೋಲ್ ವಿ8, ಟೆನ್ ಸ್ಪೀಡ್ ಗೇರ್‌ಬಾಕ್ಸ್, 4.30 ಗೇರ್ ಅನುಪಾತದ ಆಕ್ಸಲ್. ಕ್ರೂ ಕ್ಯಾಬ್, ಎಂಟಡಿ ಬೆಡ್, ಎಕ್ಸ್‌ಎಲ್‌ಟಿ ಟ್ರಿಮ್, ಟೂ ವೀಲ್ ಡ್ರೈವ್, ಲಾಕಿಂಗ್ ಡಿಫರೆನ್ಷಿಯಲ್. ಪೇಲೋಡ್ 4,000ಕ್ಕೆ ಚೂರು ಮೇಲೆ. ಫೋರ್ ವೀಲ್ ಡ್ರೈವ್ ಬಿಟ್ಟಿದ್ದಕ್ಕೇ 400 ಪೌಂಡ್ ಹತ್ತಿರ ಉಳಿಯಿತು. ಬೆಡ್ ಎಂಟಡಿ ಇರುವುದರಿಂದ ಸ್ಲೈಡರ್ ಹಿಚ್ (ತಿರುಗುವಾಗ ಟ್ರೇಲರ್ ಕ್ಯಾಬಿಗೆ ತಾಗದಂತೆ ಹಿಂದೆ ಸರಿಯುವ ಹಿಚ್) ಬೇಕಾಗಲಿಲ್ಲ. ಇಂಥ ಸಾದಾ ಟ್ರಕ್ಕನ್ನು ಡೀಲರುಗಳು ಮುಂದೆ ನಿಲ್ಲಿಸುವುದಿಲ್ಲ. ಅದನ್ನು ಯಾರ ಬಳಿ, ಯಾವ ತಿಂಗಳು ಕೇಳಬೇಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಮುಂದಿನ ಸಲ ನನಗೇ ಬೇಕು.

ಡ್ಯುಯಲಿ ಬೇಡವೆಂದದ್ದಕ್ಕೆ ಇನ್ನೊಂದು ಕಾರಣ ಟೆಕ್ಸಾಸ್ ಲೈಸೆನ್ಸ್. ಟ್ರೇಲರ್ 10,000 ಮೀರಿ, ಟ್ರಕ್ ಟ್ರೇಲರ್ ಎರಡರ ರೇಟಿಂಗ್ ಸೇರಿ 26,000 ಪೌಂಡ್ ದಾಟಿದರೆ ಸ್ವಂತ ಬಳಕೆಗೂ ಕ್ಲಾಸ್ ಎ ಬೇಕು. ನನ್ನದು 25,000 ಚಿಲ್ಲರೆಯಲ್ಲಿ ನಿಂತಿದೆ. ಅದೇ ಟ್ರೇಲರಿಗೆ 14,000 ಜಿವಿಡಬ್ಲ್ಯುಆರ್ ಡ್ಯುಯಲಿ ಕಟ್ಟಿದರೆ ಗೆರೆ ದಾಟುತ್ತದೆ.

ದುಡ್ಡಿನ ವಿಚಾರ. ಡೀಸೆಲ್ ಎಂಜಿನ್ನಿಗೆ ಹತ್ತು ಸಾವಿರ ಡಾಲರ್ ಹೆಚ್ಚು ಕೇಳುತ್ತಿದ್ದರು. ಎಳೆಯುವಾಗ ನನಗೆ ಗ್ಯಾಲನ್ನಿಗೆ ಏಳೂವರೆ, ಎಂಟು ಮೈಲು ಬರುತ್ತದೆ. ಹಳೆಯ ಡೀಸೆಲ್ ಹತ್ತೂವರೆ ಕೊಡುತ್ತಿತ್ತು. ವರ್ಷಕ್ಕೆ ಎಳೆದು ಆರು ಸಾವಿರ ಮೈಲು, ಖಾಲಿ ಆರು ಸಾವಿರ. ಪೆಟ್ರೋಲ್ 3 ಡಾಲರ್, ಡೀಸೆಲ್ 3.60 ಹಿಡಿದರೆ ನನಗೆ ಹೆಚ್ಚು ಬೀಳುವುದು ವರ್ಷಕ್ಕೆ ಮುನ್ನೂರು ಚಿಲ್ಲರೆ. ಅದರಲ್ಲೂ ಡಿಇಎಫ್ (ಡೀಸೆಲ್ ಹೊಗೆ ಶುದ್ಧಿಗೆ ಹಾಕುವ ದ್ರವ), ಇಂಧನ ಫಿಲ್ಟರು, ದೊಡ್ಡ ಆಯಿಲ್ ಚೇಂಜು ಕಳೆಯಬೇಕು. ಹಳೆಯದರಲ್ಲಿ ಎಮಿಷನ್ ಸೆನ್ಸರ್ ಒಂದು ಕೆಟ್ಟು ಅಮರಿಲ್ಲೊದಲ್ಲಿ ಎರಡು ರಾತ್ರಿ ಹೋಟೆಲ್ ಸೇರಿ 1,700 ಕಟ್ಟಿದ್ದೆ. ಮಾರುವಾಗ ಡೀಸೆಲ್ಲಿಗೆ ಹೆಚ್ಚು ಬೆಲೆ ಬರುತ್ತದೆ, ನಿಜ. ಹಾಗೆಂದು ಕೊಟ್ಟ ಹತ್ತು ಸಾವಿರವೂ ವಾಪಸ್ ಬರುವುದಿಲ್ಲ.

ಬೆಟ್ಟ ಹತ್ತಿತೇ ಎಂದರೆ, ಹತ್ತಿತು. ರಟೋನ್ ಪಾಸ್ 7,834 ಅಡಿ. ನಾಲ್ಕು ಸಾವಿರದ ಮೇಲೆ ಆರ್‌ಪಿಎಂ, ವೇಗ ಗಂಟೆಗೆ 50 ಮೈಲಿಯ ಸುತ್ತ, ಎಂಜಿನ್ ಜೋರಾಗಿ ಅಬ್ಬರಿಸುತ್ತದೆ. ಆ ಸದ್ದಿಗೇ ಹೆದರಿ ಜನ ಆಕ್ಸಿಲರೇಟರ್ ಬಿಡುತ್ತಾರೆ. ಬಿಡಬಾರದು, ಆ ಎಂಜಿನ್ ಅಲ್ಲಿ ದುಡಿಯಲೆಂದೇ ಇದೆ. ಐ-70ರ ಐಸೆನ್‌ಹೋವರ್ ಸುರಂಗ 11,158 ಅಡಿಯಲ್ಲಿದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು 3% ಶಕ್ತಿ ಕಳೆದುಕೊಳ್ಳುತ್ತದೆ, ಹಾಗಾಗಿ 430 ಹಾರ್ಸ್‌ಪವರ್ ಅಲ್ಲಿ ಮುನ್ನೂರರ ಹತ್ತಿರ. 40, 45ರಲ್ಲಿ ಬಲಗಡೆ ಲಾರಿಗಳ ಹಿಂದೆ ಹೋದೆ. ಟೆಂಪರೇಚರ್ ಮುಳ್ಳು ಕದಲಲಿಲ್ಲ. ಆ ಬೆಟ್ಟದಲ್ಲಿ ಡೀಸೆಲ್ ನನಗಿಂತ ಐದು ಹತ್ತು ನಿಮಿಷ ಮುಂದೆ ಇರುತ್ತದೆ, ಅಷ್ಟೇ.

ನಿಜವಾದ ಪರೀಕ್ಷೆ ಇಳಿಯುವುದರಲ್ಲಿ. ನನ್ನ ಟ್ರಕ್ಕಿನಲ್ಲಿ ಎಕ್ಸಾಸ್ಟ್ ಬ್ರೇಕ್ (ಹೊಗೆಯನ್ನು ತಡೆದು ಎಂಜಿನ್ನಿನಿಂದಲೇ ವೇಗ ತಗ್ಗಿಸುವ ವ್ಯವಸ್ಥೆ) ಇಲ್ಲ, ಅದು ಡೀಸೆಲ್ಲಿನ ದೊಡ್ಡ ಅನುಕೂಲ. ಅಪ್ಪ ಹಾಸನದಿಂದ ಶಿರಾಡಿ ಘಾಟಿ ಇಳಿಸಿ ಮಂಗಳೂರಿಗೆ ಲಾರಿ ಓಡಿಸಿದವರು. "ಹತ್ತಿದ ಗೇರಲ್ಲೇ ಇಳೀಬೇಕು ಮಗಾ" ಅನ್ನುತ್ತಿದ್ದರು. ಸುರಂಗ ದಾಟಿ ಸಿಲ್ವರ್‌ಥಾರ್ನ್ ಕಡೆಗೆ ಮೈಲುಗಟ್ಟಲೆ ಇಳಿಜಾರು. ಟೋ ಹಾಲ್ (ಭಾರ ಎಳೆಯುವಾಗಿನ ಗೇರ್ ಮೋಡ್) ಹಾಕಿ, ಸುರಂಗದೊಳಗೇ ವೇಗ ತಗ್ಗಿಸಿ ಗೇರ್ ಇಳಿಸಿಕೊಂಡೆ. ಬ್ರೇಕನ್ನು ಆಗಾಗ ಒತ್ತಿ ಬಿಟ್ಟದ್ದಷ್ಟೇ, ಕಾಲಿಟ್ಟು ಕೂರಲಿಲ್ಲ. ಕೆಳಗೆ ನಿಲ್ಲಿಸಿ ಚಕ್ರದ ಹತ್ತಿರ ಕೈ ಹಿಡಿದೆ. ಸುಟ್ಟ ವಾಸನೆ ಇರಲಿಲ್ಲ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ವೇಗ 70 ಮೈಲಿಯಿಂದ 62ಕ್ಕೆ ಇಳಿಸಿದರೆ ಗ್ಯಾಲನ್ನಿಗೆ ಒಂದು ಮೈಲಿಗಿಂತ ಹೆಚ್ಚು ಉಳಿಯಿತು. ಡಾಲ್‌ಹಾರ್ಟ್ ಕಡೆಯ ಎದುರುಗಾಳಿಯಲ್ಲಿ ಎಷ್ಟೇ ನಿಧಾನ ಹೋದರೂ ಆರೇ. ನೀರು ಗ್ಯಾಲನ್ನಿಗೆ 8.3 ಪೌಂಡ್, 60 ಗ್ಯಾಲನ್ ಅಂದರೆ 500. ನಮ್ಮ ಟ್ಯಾಂಕ್ ಆಕ್ಸಲ್‌ಗಿಂತ ಮುಂದಿರುವುದರಿಂದ ತುಂಬಿಸಿದರೆ ಪಿನ್ ಏರುತ್ತದೆ. ಈಗ ಹತ್ತು ಹದಿನೈದು ಗ್ಯಾಲನ್ ಮಾತ್ರ ಹೊರುತ್ತೇನೆ, ಉಳಿದದ್ದು ಕ್ಯಾಂಪ್‌ಗ್ರೌಂಡಿನಲ್ಲಿ. ಟ್ರಕ್ಕಿನ ಹಿಂದಿನ ಟೈರಿಗೆ ಎಷ್ಟು ಗಾಳಿ ಹಿಡಿಸುತ್ತೇನೆ ಎನ್ನುವುದು ಬಹಳ ಪರದಾಡಿ ಕಂಡುಕೊಂಡದ್ದು, ಅದು ನನ್ನ ಹತ್ತಿರವೇ ಇರಲಿ.

ಟ್ರೇಲರ್ ಟೈರಿನ ವಿಷಯ ಮಾತ್ರ ಮುಚ್ಚಿಡುವುದಿಲ್ಲ. ಜೊತೆಗೆ ಬಂದಿದ್ದ ಲೋಡ್ ರೇಂಜ್ ಇ (ಭಾರ ಹೊರುವ ದರ್ಜೆ; ಜಿ ಅದಕ್ಕಿಂತ ಮೇಲು) ಟೈರು ಜುಲೈ ಬಿಸಿಲಲ್ಲಿ ಚಿಲ್ಡ್ರೆಸ್ ಹತ್ತಿರ ಸಿಡಿಯಿತು. ಫೆಂಡರು, ಕೆಳಗಿನ ಹೊದಿಕೆ, ವೈರಿಂಗ್ ಹರಿದು 1,800 ಡಾಲರ್ ಹೋಯಿತು. ಈಗ ನಾಲ್ಕೂ ಲೋಡ್ ರೇಂಜ್ ಜಿ, 110 ಪಿಎಸ್‌ಐ. ಬದಲಾಯಿಸುವ ಮುಂಚೆ ರಿಮ್ ಆ ಒತ್ತಡ ತಡೆಯುತ್ತದೆಯೇ ನೋಡಿಕೊಳ್ಳಿ. ಟೈರ್ ಪ್ರೆಷರ್ ಮಾನಿಟರ್ ಹಾಕಿಸಿಕೊಳ್ಳಿ.

ತುಂಬಿದ ಟ್ರೇಲರ್ 15,000 ದಾಟುವುದಾದರೆ ನನ್ನ ಈ ಲೆಕ್ಕ ನಡೆಯುವುದಿಲ್ಲ. ಪಿನ್ ಮೂರು ಸಾವಿರದ ಮೇಲೆ ಹೋಗುತ್ತದೆ, ಹಿಂದೆ ಎರಡು ಚಕ್ರ ಸಾಲುವುದಿಲ್ಲ. ಅಂಥವರು ಡ್ಯುಯಲಿ ಡೀಸೆಲ್ಲನ್ನೇ ತೆಗೆದುಕೊಳ್ಳಲಿ, ಟೆಕ್ಸಾಸಿನಲ್ಲಿದ್ದರೆ ಮೊದಲು ಕ್ಲಾಸ್ ಎ ಪರೀಕ್ಷೆಗೆ ದಿನ ಗೊತ್ತುಮಾಡಿಕೊಳ್ಳಲಿ.